ಸಾವಿರ ಯೆನ್ನಿನ ಊಟ

ಜಪಾನಿಗೆ ಹೋಗಿ ಬಂದೆವು ಎಂದರೆ ನಮ್ಮ ಕಡೆಯ ಜನ ಫೂಜಿ ಪರ್ವತದ ಮಾತೆತ್ತುವುದಿಲ್ಲ. ಬುಲೆಟ್ ರೈಲಿನ ವಿಚಾರ ಕೇಳುವುದಿಲ್ಲ. ‘ಅಯ್ಯೋ, ಊಟಕ್ಕೆ ಏನು ಮಾಡಿದಿರಿ?’ ಎನ್ನುತ್ತಾರೆ. ಆ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಕನಿಕರವೇ ಹೆಚ್ಚು. ಹಿಂದೆ ಹೋಗಿ ಬಂದವರಾದರೆ ತಮ್ಮ ಅನುಭವವನ್ನೂ ಸೇರಿಸುತ್ತಾರೆ: ಪ್ರವಾಸದ ಕಂಪನಿಯವರು ಜೊತೆಗೆ ಅಡಿಗೆಯವನನ್ನೇ ಕರೆತಂದಿದ್ದರಂತೆ, ಕ್ಯೋಟೋದಲ್ಲಿ ಬಿಸಿಬೇಳೆ ಭಾತು ಸಿಕ್ಕಿತಂತೆ, ಅದಕ್ಕೆ ಬೂಂದಿಯೂ ಇತ್ತಂತೆ. ಅವರ ಸಂತೋಷಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಅಷ್ಟು ದೂರ ಹಾರಿ ಹೋಗಿ ಬೂಂದಿ ಉದುರಿಸಿದ ಬಿಸಿಬೇಳೆ ತಿನ್ನುವುದಕ್ಕೆ ಮಲ್ಲೇಶ್ವರವೇ ಸಾಕಿತ್ತಲ್ಲ ಎಂದು ನನಗನ್ನಿಸುತ್ತದೆ.

ನಾವು, ಎಂದರೆ ನಾನು ಮತ್ತು ನನ್ನಾಕೆ, 2024ರ ನವೆಂಬರಿನಲ್ಲಿ ಮೂರು ವಾರ ಅಲ್ಲಿದ್ದೆವು. ಪಿಂಚಣಿಯವನ ಪ್ರವಾಸ, ಆದ್ದರಿಂದ ಒಂದು ಕಟ್ಟಳೆ ಮಾಡಿಕೊಂಡೆವು. ಒಬ್ಬರ ಒಂದು ಊಟಕ್ಕೆ ಸಾವಿರ ಯೆನ್. ಆಗಿನ ಲೆಕ್ಕದಲ್ಲಿ ಸುಮಾರು 550 ರೂಪಾಯಿ. ಇನ್ನೊಂದು ಕಟ್ಟಳೆ ನಾವು ಮಾಡಿಕೊಂಡದ್ದಲ್ಲ, ಮೊದಲೇ ಇದ್ದದ್ದು. ನನ್ನಾಕೆ ಮೀನು ಮಾಂಸ ಮುಟ್ಟುವವಳಲ್ಲ. ನಾನು ಮಂಗಳೂರಿನ ಕಚೇರಿಯಲ್ಲಿದ್ದ ಆರು ವರ್ಷಗಳಲ್ಲಿ ಮೀನಿನ ರುಚಿ ಹತ್ತಿಸಿಕೊಂಡವನು. ಹೀಗಾಗಿ ಒಂದೇ ಮೇಜಿನ ಎರಡು ಕಡೆ ಎರಡು ಮತಗಳು.

ಮೊದಲು ಹಣದ ಮಾತು, ಏಕೆಂದರೆ ಅದು ಸುಲಭ. ಜಪಾನ್ ದುಬಾರಿ ದೇಶ ಎಂಬ ಹೆಸರು ಹಳೆಯದು. ರೈಲಿಗೆ, ಕೊಠಡಿಗೆ ಅದು ನಿಜವಿರಬಹುದು. ಹೊಟ್ಟೆಯ ಮಟ್ಟಿಗೆ ಈಗ ಅಷ್ಟು ನಿಜವಲ್ಲ. ನಿಜವಾದ ಕಷ್ಟ ಬೇರೆ. ಒಳ್ಳೆಯ ಅಗ್ಗದ ಹೋಟೆಲುಗಳು ನಮ್ಮಂಥವರಿಗಾಗಿ ಕಾದು ಕುಳಿತಿರುವುದಿಲ್ಲ. ಅವು ತಮ್ಮ ಬೀದಿಯವರಿಗಾಗಿ, ಎದುರಿನ ಬ್ಯಾಂಕಿನ ಗುಮಾಸ್ತರಿಗಾಗಿ ಅಡಿಗೆ ಮಾಡುತ್ತವೆ. ನಾಲ್ಕು ಭಾಷೆಯ ಫಲಕ, ಬಾಗಿಲಲ್ಲಿ ನಿಂತು ಕರೆಯುವ ಹುಡುಗ, ದೇವಸ್ಥಾನದ ಮಹಾದ್ವಾರದಿಂದ ಐವತ್ತು ಹೆಜ್ಜೆಯ ಜಾಗ — ಈ ಮೂರೂ ಒಂದೆಡೆ ಸೇರಿದ್ದರೆ ನಾನು ಮುಂದೆ ನಡೆದುಬಿಡುತ್ತಿದ್ದೆ. ಎರಡು ಅಡ್ಡರಸ್ತೆ ದಾಟಿದರೆ ಸಾಕು, ಬೆಲೆಯೂ ಬದಲಾಗುತ್ತದೆ, ಅನ್ನದ ಹದವೂ ಬದಲಾಗುತ್ತದೆ.

ಅಂಥ ಅಂಗಡಿಗೆ ಹೆಸರಿನ ಫಲಕ ನಮಗೆ ಓದಲು ಬಾರದು. ಗುರುತೆಂದರೆ ಬಾಗಿಲಿನ ಮೇಲೆ ತೂಗುವ ಸೀಳುಪರದೆ. ಅದಕ್ಕೆ ನೋರೆನ್ ಎನ್ನುತ್ತಾರೆ. ಪರದೆ ಹೊರಗಿದ್ದರೆ ಅಂಗಡಿ ತೆರೆದಿದೆ. ಒಳಗೆ ಹೋಯಿತೆಂದರೆ ಮುಗಿಯಿತು. ಮಧ್ಯಾಹ್ನ ಹನ್ನೆರಡಕ್ಕೆ ಕೊರಳಿಗೆ ಕಚೇರಿಯ ಗುರುತಿನ ಚೀಟಿ ತೂಗಿಸಿಕೊಂಡವರು ಎಲ್ಲಿ ಸಾಲು ನಿಲ್ಲುತ್ತಾರೋ ಅಲ್ಲಿ ನಾವೂ ನಿಲ್ಲುತ್ತಿದ್ದೆವು. ಸಾಲು ಬೇಗ ಕರಗುತ್ತದೆ. ಅಲ್ಲಿ ಉಂಡ ಮೇಲೆ ಹರಟುತ್ತ ಕೂರುವ ಪದ್ಧತಿಯಿಲ್ಲ. ಒಳಗೆ ತೇಶೋಕು: ಒಂದು ತಟ್ಟೆಯಲ್ಲಿ ಅನ್ನ, ಮಿಸೋ ಸಾರು, ಉಪ್ಪಿನಕಾಯಿ, ಒಂದು ಮುಖ್ಯ ಪದಾರ್ಥ. ‘ಹಿಗವಾರಿ’ ಎಂದು ಬರೆದಿದ್ದರೆ ಆ ದಿನದ ಊಟ. ಸಾಮಾನ್ಯವಾಗಿ ಅದೇ ಅಗ್ಗ, ಅದೇ ಬಿಸಿ. ರಾತ್ರಿ ಕೈಗೆಟುಕದ ಎಷ್ಟೋ ಹೋಟೆಲುಗಳು ಮಧ್ಯಾಹ್ನ ಅದೇ ಅಡಿಗೆಯವನ ಕೈಯ ಅಡಿಗೆಯನ್ನು ಅರ್ಧಕ್ಕಿಂತ ಕಡಿಮೆಗೆ ಬಡಿಸುತ್ತವೆ. ಮಧ್ಯಾಹ್ನ ದೊಡ್ಡ ಊಟ, ರಾತ್ರಿ ಫಲಾಹಾರ ಎಂಬ ನಮ್ಮ ಹಿರಿಯರ ಕ್ರಮ ಜಪಾನಿನಲ್ಲಿ ಮಿತವ್ಯಯಕ್ಕೆ ಹೇಳಿ ಮಾಡಿಸಿದಂತಿದೆ. ಬಿಲ್ಲಿನ ಮೇಲೆ ಇನಾಮು ಇಡುವ ಗೊಡವೆಯಿಲ್ಲ. ಇಟ್ಟರೆ ಮರೆತು ಹೋದಿರಿ ಎಂದು ಬೀದಿಯವರೆಗೆ ಓಡಿಬಂದು ಕೊಡುತ್ತಾರೆ.

ಭಾಷೆ ಬಾರದವನಿಗೆ ಆ ದೇಶ ಮಾಡಿಕೊಟ್ಟ ಉಪಕಾರ ಎರಡು. ಒಂದು, ಗಾಜಿನ ಪೆಟ್ಟಿಗೆಯಲ್ಲಿಟ್ಟ ಸುಳ್ಳು ಊಟ. ಗುಜೋ ಹಾಚಿಮಾನ್ ಎಂಬ ಊರಿನವರಾದ ಇವಾಸಾಕಿ ತಾಕಿಜೋ ಎಂಬವರು 1932ರಲ್ಲಿ ಒಸಾಕದಲ್ಲಿ ಮೇಣದ ತಿಂಡಿಗಳನ್ನು ಮಾಡಿ ಹೋಟೆಲುಗಳಿಗೆ ಒದಗಿಸುವ ವ್ಯಾಪಾರ ಹೂಡಿದರು. ಈಗ ಮೇಣದ ಬದಲು ಪ್ಲಾಸ್ಟಿಕ್ಕು. ಬೆರಳು ಮಾಡಿ ತೋರಿಸಿದರೆ ಆಯಿತು. ಬೆಲೆಯ ಚೀಟಿ ಅಲ್ಲೇ ಇರುತ್ತದೆ. ಇನ್ನೊಂದು, ಬಾಗಿಲ ಬಳಿಯ ಟಿಕೆಟ್ ಯಂತ್ರ. ಹಣ ಹಾಕಿ ಗುಂಡಿ ಒತ್ತಿ, ಬಂದ ಚೀಟಿಯನ್ನು ಅಡಿಗೆಯವನ ಮುಂದಿಟ್ಟು ಕುಳಿತರಾಯಿತು. ಯಾವ ಗುಂಡಿ ಎಂದು ತಿಳಿಯದಿದ್ದರೆ ಮೇಲಿನ ಸಾಲಿನ ಎಡಮೂಲೆಯದನ್ನು ಒತ್ತಿ ಎಂದು ಅಲ್ಲಿನವರೇ ಹೇಳುತ್ತಾರೆ. ಅಂಗಡಿಯ ಹೆಮ್ಮೆಯ ಪದಾರ್ಥ ಸಾಮಾನ್ಯವಾಗಿ ಅಲ್ಲಿರುತ್ತದೆ. ನಾನು ಒತ್ತಿದೆ, ಸುಖಪಟ್ಟೆ.

ಮೊಬೈಲಿನಲ್ಲಿ ನಕ್ಷತ್ರ ಎಣಿಸಿ ಹೋಟೆಲು ಹುಡುಕುವವರಿಗೆ ಒಂದು ಮಾತು. 2005ರಲ್ಲಿ ಆರಂಭವಾದ ತಾಬೆಲಾಗ್ ಎಂಬುದು ಜಪಾನೀಯರು ತಮ್ಮ ಹೋಟೆಲುಗಳಿಗೆ ತಾವೇ ಅಂಕ ಕೊಡುವ ಸ್ಥಳ. ಐದಕ್ಕೆ ಮೂರೂವರೆ ಬಂದಿದ್ದರೆ ನಮ್ಮವರು ಮೂಗು ಮುರಿದಾರು. ಅಲ್ಲಿ ಮೂರೂವರೆ ಎಂದರೆ ಬಹಳ ಒಳ್ಳೆಯದೆಂದು ಅರ್ಥ. ಹೊಗಳಿಕೆಯಲ್ಲಿ ಅಷ್ಟು ಬಿಗಿ ಹಿಡಿಯುವ ಜನರನ್ನು ನಂಬಬಹುದು ಎಂದು ನನಗೆ ತೋರಿತು.

ಬೆಳಗಿನ ಹೊತ್ತಿಗೆ ನಗೋಯಾ ಊರನ್ನು ನೆನೆಯಬೇಕು. ಅಲ್ಲಿನ ಹಳೆಯ ಕಾಫಿ ಅಂಗಡಿಗಳಲ್ಲಿ ಬೆಳಿಗ್ಗೆ ಕಾಫಿಗೆ ಕೊಟ್ಟ ಹಣದಲ್ಲೇ ರೊಟ್ಟಿ, ಬೇಯಿಸಿದ ಮೊಟ್ಟೆ ಜೊತೆಗೆ ಬರುತ್ತವೆ. ಸ್ವಲ್ಪ ಹೆಚ್ಚು ಕೊಟ್ಟರೆ ರೊಟ್ಟಿಯ ಮೇಲೆ ಬೆಣ್ಣೆ, ಅದರ ಮೇಲೆ ಸಿಹಿ ಹಾಕಿ ಅರೆದ ಕೆಂಪು ಅವರೆಯಂಥ ಕಾಳು. ನನ್ನಾಕೆ ಒಂದು ತುತ್ತು ತಿಂದು, ‘ಏನ್ರೀ ಇದು, ಹೂರಣ!’ ಎಂದಳು. ಕಣಕ ಬೇರೆ, ಹೂರಣ ಬೇರೆ ಬಡಿಸಿದ ಹೋಳಿಗೆ ಎಂದುಕೊಂಡರೆ ತಪ್ಪಿಲ್ಲ.

ರಾತ್ರಿಗೆ ದೊಡ್ಡ ಬಟ್ಟೆ ಅಂಗಡಿಗಳ ನೆಲಮಾಳಿಗೆ. ಅಲ್ಲಿ ಎಲ್ಲ ಬಗೆಯ ಸಿದ್ಧ ಅಡಿಗೆ ಮಾರುತ್ತಾರೆ; ಮುಚ್ಚುವ ಹೊತ್ತು ಹತ್ತಿರ ಬಂದಂತೆ ಡಬ್ಬಿಗಳ ಮೇಲೆ ರಿಯಾಯಿತಿಯ ಚೀಟಿ ಅಂಟುತ್ತ ಹೋಗುತ್ತದೆ. ಕಟ್ಟಿಸಿಕೊಂಡು ಹೋದರೆ ತೆರಿಗೆ ನೂರಕ್ಕೆ ಎಂಟು, ಕುಳಿತು ತಿಂದರೆ ಹತ್ತು. ಇದು 2019ರ ಅಕ್ಟೋಬರಿನಿಂದ ಬಂದ ನಿಯಮ. ತಟ್ಟೆ ಸುತ್ತಿ ಬರುವ ಸುಶಿ ಹೋಟೆಲು ಇಬ್ಬರಿಗೂ ಒಗ್ಗಿತು. ಬೀರು ಕಾರ್ಖಾನೆಯಲ್ಲಿ ಪಟ್ಟಿಯ ಮೇಲೆ ಹರಿಯುವ ಸೀಸೆಗಳನ್ನು ಕಂಡು ಶಿರಾಯಿಶಿ ಯೋಶಿಯಾಕಿ ಎಂಬವರು 1958ರಲ್ಲಿ ಒಸಾಕದ ಪಕ್ಕದಲ್ಲಿ ಇದನ್ನು ಮೊದಲು ತೆರೆದರಂತೆ. ಈಗ ಎಷ್ಟೋ ಕಡೆ ತಟ್ಟೆ ಸುತ್ತುವುದೇ ಇಲ್ಲ. ಪರದೆ ಒತ್ತಿದರೆ ನೇರವಾಗಿ ಎದುರಿಗೆ ಬಂದು ನಿಲ್ಲುತ್ತದೆ. ನನಗೆ ಬಂಗುಡೆ, ಆಕೆಗೆ ಸೌತೆಕಾಯಿ. ಬಣ್ಣದ ತಟ್ಟೆಗಳನ್ನು ಎಣಿಸಿದಾಗ ಆಕೆಯವೇ ಹೆಚ್ಚಿದ್ದವು.

ಇನ್ನು ಕಷ್ಟದ ಮಾತು. ಜಪಾನಿನಲ್ಲಿ ಮೀನು ಕಣ್ಣಿಗೆ ಕಾಣುವಲ್ಲಿ ಮಾತ್ರ ಇರುವುದಿಲ್ಲ. ಅವರ ಸಾರಿನ ತಳದಲ್ಲಿ ದಾಶಿ ಎಂಬ ತಿಳಿನೀರಿದೆ. ಕೊಂಬು ಎಂಬ ಕಡಲ ಸೊಪ್ಪು, ಮತ್ತು ಕತ್ಸುವೊ ಎಂಬ ಮೀನು. ಆ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಬೂಷ್ಟು ಹಿಡಿಸಿ, ಮರದ ತುಂಡಿನಷ್ಟು ಗಟ್ಟಿಯಾಗುವಂತೆ ಒಣಗಿಸಿ, ಬಡಗಿಯ ಉಜ್ಜುಗೊರಡಿನಂಥದರಿಂದ ಹೊಪ್ಪಳೆ ತೆಗೆದು ನೀರಿಗೆ ಹಾಕುತ್ತಾರೆ. ಮಿಸೋ ಸಾರಿಗೆ ಅದೇ ನೀರು. ಬೇಯಿಸಿದ ತರಕಾರಿಗೆ ಅದೇ ನೀರು. ಸೋಬಾ ಅದ್ದಿಕೊಳ್ಳುವ ರಸಕ್ಕೂ ಅದೇ. ಉದೋನ್ ಶಾವಿಗೆಯ ಮೇಲೆ ಕರಿದ ಸೋಯಾ ಗಿಣ್ಣಿನ ಹಾಳೆಯಿಟ್ಟು ಕೊಡುತ್ತಾರೆ. ನೋಡಿದರೆ ಅಪ್ಪಟ ಸಸ್ಯಾಹಾರ. ಬಟ್ಟಲಿನ ನೀರು ಮಾತ್ರ ಅಲ್ಲ.

ತಿಳಿದವರು ಹೊರಡುವ ಮೊದಲೇ ಬುದ್ಧಿ ಹೇಳಿದ್ದರು: ‘ಕೇಳಲೇಬೇಡಿ. ಕಾಣದ್ದು ಇಲ್ಲವೆಂದೇ ಲೆಕ್ಕ.’ ನಾಲ್ಕನೆಯ ದಿನದ ಹೊತ್ತಿಗೆ ಕತ್ಸುವೊ ಎಂಬ ಅಕ್ಷರದ ಆಕಾರ ನನಗೆ ಗುರುತು ಸಿಗತೊಡಗಿತ್ತು, ಆಕೆಗೆ ಇಲ್ಲ. ಹಸಿದು ಸುಸ್ತಾದ ಮಧ್ಯಾಹ್ನ, ಹಬೆಯಾಡುವ ಬಟ್ಟಲು ಎದುರಿಗೆ ಬಂದಾಗ ಸುಮ್ಮನಿರುವುದು ಎಷ್ಟು ಸುಲಭ ಎಂದು ಹೇಳಲಾರೆ. ನಾಲಗೆಯ ತುದಿಯಲ್ಲಿದ್ದ ಒಂದು ಮಾತನ್ನು ನುಂಗಿದರೆ ಇಬ್ಬರೂ ಉಣ್ಣಬಹುದಿತ್ತು. ಆದರೆ ನಲವತ್ತೊಂದು ವರ್ಷ ಈಕೆ ನನ್ನ ತಟ್ಟೆಗೆ ಬಡಿಸಿದ್ದನ್ನು ನಾನು ಇದೇನೆಂದು ಕೇಳದೆ ಉಂಡಿದ್ದೇನೆ. ಆ ನಂಬಿಕೆಗೆ ಈ ಕಡೆಯಿಂದಲೂ ಒಂದು ಲೆಕ್ಕವಿದೆ. ಹೇಳಿದೆ. ಆಕೆ ಬಟ್ಟಲನ್ನು ನನ್ನ ಕಡೆ ಸರಿಸಿ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡಳು.

ಅಂದಿನಿಂದ ನಮ್ಮ ಹುಡುಕಾಟದ ರೀತಿಯೇ ಬದಲಾಯಿತು. ವಸತಿಗೃಹದ ಗುಮಾಸ್ತೆ ಹುಡುಗಿ ಒಂದು ಚೀಟಿ ಬರೆದುಕೊಟ್ಟಳು: ಮೀನು ಬೇಡ, ಮಾಂಸ ಬೇಡ, ಮೀನಿನ ದಾಶಿಯೂ ಬೇಡ. ಕ್ಯೋಟೋದ ಒಂದು ಸಣ್ಣ ಅಂಗಡಿಯ ಮುದುಕ ಅದನ್ನು ಎರಡು ಸಲ ಓದಿದ. ಒಲೆಯ ಮೇಲಿನ ಪಾತ್ರೆಯನ್ನು ನೋಡಿದ. ಹೊರಗೆ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿ, ಕೈಯಾಡಿಸಿದ: ಆಗುವುದಿಲ್ಲ. ಕುರ್ಚಿಗಳು ಖಾಲಿಯಿದ್ದವು. ಹೌದು ಹೌದು ಎಂದು ತಲೆಯಾಡಿಸಿ ಬಡಿಸಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲ. ನಾವು ತಿನ್ನದೆ ಬಂದ ಹೋಟೆಲುಗಳಲ್ಲಿ ಅದನ್ನು ನಾನು ಬಹಳ ಮೇಲೆ ಇಡುತ್ತೇನೆ.

ಸಿಕ್ಕ ಕಡೆ ಸಿಕ್ಕಿತು. ಶಿಕೋಕು ದ್ವೀಪದ ಕಾಗವಾ ಪ್ರಾಂತಕ್ಕೆ ರೈಲು ಸೇತುವೆ ದಾಟಿ ಹೋದೆವು. ಆ ಪ್ರಾಂತ 2011ರಲ್ಲಿ ತನ್ನನ್ನು ‘ಉದೋನ್ ಪ್ರಾಂತ’ ಎಂದೇ ಕರೆದುಕೊಂಡಿತು. ಅಲ್ಲಿ ನಮ್ಮ ದರ್ಶಿನಿಗಳಂತೆ ತಟ್ಟೆ ಹಿಡಿದು ಸಾಲಿನಲ್ಲಿ ಸರಿಯಬೇಕು. ಸಾರೇ ಇಲ್ಲದ ಉದೋನ್ ಒಂದಿದೆ: ಆಗ ತಾನೆ ಬೆಂದ ದಪ್ಪ ಶಾವಿಗೆ, ತುರಿದ ಮೂಲಂಗಿ, ಶುಂಠಿ, ಮೇಲೆ ಒಂದು ಸುತ್ತು ಸೋಯಾ ರಸ. ರಸದಲ್ಲಿ ದಾಶಿ ಬೆರೆಸಿಲ್ಲ ಎಂದು ಖಚಿತ ಮಾಡಿಕೊಂಡರೆ ಸಾಕು. ಐನೂರು ಯೆನ್ನಿನೊಳಗೆ ಹೊಟ್ಟೆ ತುಂಬಿತು. ಅಲ್ಲಿ ಉಳಿಸಿದ್ದನ್ನು ಕೋಯಾ ಬೆಟ್ಟದಲ್ಲಿ ಕಳೆದೆವು. ಬೆಟ್ಟದ ಮೇಲಿನ ಸುಮಾರು ಐವತ್ತು ಮಠಗಳು ಯಾತ್ರಿಕರಿಗೆ ವಸತಿಯನ್ನೂ ಊಟವನ್ನೂ ಕೊಡುತ್ತವೆ. ನಮ್ಮ ಮಡಿ ಅಡಿಗೆಯಂತೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ಸಾರಿಗೆ ಕೊಂಬು ಮತ್ತು ಒಣ ಅಣಬೆ. ಇಬ್ಬರಿಗೂ ಹತ್ತು ಹತ್ತು ಸಾವಿರ ಯೆನ್ನಿನ ಮೇಲೆ ಹೋಯಿತು. ಎಳ್ಳು ಅರೆದು ಹೆಪ್ಪುಗಟ್ಟಿಸಿದ ಒಂದು ಬಿಳಿಯ ತುಂಡಿಗಾಗಿ ಇನ್ನೊಮ್ಮೆ ಕೊಡಲು ನಾನು ಸಿದ್ಧ.

ಮಾತ್ಸುಮೋಟೋ ಊರು ಸೋಬಾಕ್ಕೆ ಹೆಸರಾದ ಸೀಮೆಯಲ್ಲಿದೆ. ಅಲ್ಲಿನ ಅಂಗಡಿಯ ಹೆಂಗಸು ಚೀಟಿ ಓದಿ ಒಳಗೆ ಹೋದಳು. ಗಂಡ ಹೆಂಡಿರ ನಡುವೆ ಏನೋ ಚರ್ಚೆ ನಡೆಯಿತು. ಆಮೇಲೆ ನನಗೆ ಎಲ್ಲರಿಗೂ ಬರುವಂತೆ ರಸದೊಡನೆ ಬಂತು. ನನ್ನಾಕೆಗೆ ಬಿದಿರಿನ ತಟ್ಟೆಯ ಮೇಲೆ ತಣ್ಣನೆಯ ಸೋಬಾ, ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲಿನಲ್ಲಿ ಉಪ್ಪು, ಇಷ್ಟೇ ಇಷ್ಟು ವಸಾಬಿ. ಹಿಟ್ಟಿನ ಪರಿಮಳ ತಿಳಿಯಬೇಕೆಂದು ಸೋಬಾದ ರಸಿಕರು ಉಪ್ಪಿನಲ್ಲೇ ತಿನ್ನುವುದುಂಟು ಎಂದು ಆಮೇಲೆ ತಿಳಿಯಿತು. ಆಕೆ ಬೆರಳಿನಿಂದ ಉಪ್ಪು ಉದುರಿಸಿಕೊಂಡು ನಿಧಾನವಾಗಿ ತಿಂದಳು. ಒಂದು ಎಳೆ ನನಗೂ ಕೊಟ್ಟಳು. ನನ್ನ ರಸದಲ್ಲಿ ಆ ಪರಿಮಳ ಇರಲಿಲ್ಲ.

ಕೊನೆಗೆ ಆ ಹೆಂಗಸು ಸೋಬಾ ಬೆಂದ ಬಿಸಿನೀರನ್ನು ಕೆಂಪು ಗಿಂಡಿಯಲ್ಲಿ ತಂದಿಟ್ಟಳು. ಉಳಿದ ರಸಕ್ಕೆ ಬೆರೆಸಿ ಕುಡಿಯಲಿ ಎಂದು ಕೊಡುವ ನೀರು ಅದು. ಬೆರೆಸಲು ರಸವಿಲ್ಲದ ನನ್ನಾಕೆ ಅದಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ, ಊರಿನಲ್ಲಿ ಜ್ವರ ಬಿಟ್ಟ ಮರುದಿನ ಗಂಜಿ ಕುಡಿಯುವಂತೆ ಎರಡು ಕೈಯಲ್ಲಿ ಬಟ್ಟಲು ಹಿಡಿದು ಕುಡಿದಳು. ಇಬ್ಬರಿಗೂ ಸೇರಿ ಬಿಲ್ಲು 1,900 ಯೆನ್. ನಾವು ಹೊರಗೆ ಬರುವ ಹೊತ್ತಿಗೆ ಎರಡು ಗಂಟೆ. ಗಂಡ ಬಾಗಿಲ ಪರದೆಯನ್ನು ಕೋಲಿನ ಸಮೇತ ಇಳಿಸುತ್ತಿದ್ದ.