ಬಿಗಿದ ನಟ್ಟು

ಸಕ್ಕರೆ ಕಾರಖಾನೆಯೊಂದರಲ್ಲಿ ಮೂವತ್ತಾರು ವರ್ಷ ಫಿಟ್ಟರನಾಗಿ, ಕೊನೆಕೊನೆಗೆ ಫೋರ್‌ಮನ್ನನಾಗಿ ದುಡಿದು ಈಗ ಮನೆಯಲ್ಲಿ ಕುಳಿತವನು ನಾನು. ನಮ್ಮದು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ. ಮನೆಯಲ್ಲಿ ಕನ್ನಡ, ಕಾರಖಾನೆಯ ದಫ್ತರದಲ್ಲಿ ಮರಾಠಿ, ಯಂತ್ರದ ಬಿಡಿಭಾಗಗಳಿಗೆ ಮುರುಕು ಇಂಗ್ಲಿಷು. ಗಡಿಯ ಈಚೆಗಿನ ನಮ್ಮಂಥವರ ದಿನಗಳು ಹೀಗೆಯೇ ಸಾಗುತ್ತವೆ ಎಂಬುದು ಈ ಮಾಸಿಕದ ವಾಚಕರಿಗೆ ಹೊಸ ಸಂಗತಿಯಲ್ಲ. ಬರೆಯುವುದು ನನ್ನ ಕಸುಬಲ್ಲ. ಆದರೂ ಒಂದು ನಟ್ಟಿನ ವಿಷಯವನ್ನು ಬರೆಯಬೇಕಾಗಿದೆ. ನಾನು ಅದನ್ನು ಬಿಗಿದು ನಲವತ್ತು ವರ್ಷವಾಯಿತು.

ಕಬ್ಬಿನ ರಸವೆಲ್ಲ ಹಿಂಡಿದ ಮೇಲೆ ಕೊನೆಯ ಮಿಲ್ಲಿನಿಂದ ಹೊರಬೀಳುವ ಸಿಪ್ಪೆಯೇ ಸಕ್ಕರೆ ಕಾರಖಾನೆಯ ಉರುವಲು. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇದ್ದರೂ ಬಾಯ್ಲರಿನಲ್ಲಿ ಚೆನ್ನಾಗಿ ಉರಿಯುತ್ತದೆ. ಅದನ್ನು ಮಿಲ್ಲಿನಿಂದ ಬಾಯ್ಲರಿನ ಬಾಯಿಗೆ ಒಯ್ಯುವುದು ಕ್ಯಾರಿಯರ್. ತಗಡು ಹಾಸಿದ ಉದ್ದನೆಯ ದೋಣಿ. ಅದರ ಎರಡು ಅಂಚುಗಳಲ್ಲಿ ಓಡುವ ಎರಡು ಚೈನು. ಚೈನುಗಳ ನಡುವೆ ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ ಉಕ್ಕಿನ ಪಟ್ಟಿಗಳು. ಪಟ್ಟಿಗಳು ಸಿಪ್ಪೆಯನ್ನು ಎಳೆದುಕೊಂಡು ಹೋಗುತ್ತವೆ. ಕ್ಯಾರಿಯರ್ ನಿಂತರೆ ಸ್ವಲ್ಪ ಹೊತ್ತಿನಲ್ಲಿ ಉಗಿ ಇಳಿಯುತ್ತದೆ, ಉಗಿ ಇಳಿದರೆ ಮಿಲ್ಲು ನಿಲ್ಲುತ್ತದೆ, ಮಿಲ್ಲು ನಿಂತರೆ ಅಂಗಳದಲ್ಲಿ ಸಾಲುಗಟ್ಟಿದ ಬಂಡಿಗಳ ಕಬ್ಬು ಒಣಗುತ್ತದೆ. ಆದ್ದರಿಂದ ಕ್ಯಾರಿಯರ್ ಎಷ್ಟು ನಿಮಿಷ ನಿಂತಿತು ಎಂಬುದನ್ನು ಪಾಳಿಪಾಳಿಗೆ ಪುಸ್ತಕದಲ್ಲಿ ಬರೆದಿಡುವ ರೂಢಿ. ಆ ಪುಸ್ತಕಕ್ಕೆ ನಾವು ಹೆದರಿದಷ್ಟು ಯಂತ್ರಕ್ಕೆ ಹೆದರುತ್ತಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ಅಂಥ ಒಂದು ಅಡ್ಡ ಕ್ಯಾರಿಯರ್. ಹತ್ತು ಅಶ್ವಶಕ್ತಿಯ ಮೋಟಾರು, ನಿಮಿಷಕ್ಕೆ 1440 ಸುತ್ತು. ಗೇರ್‌ಬಾಕ್ಸು ನಲವತ್ತಕ್ಕೆ ಒಂದು. ಅಂದರೆ ಆಚೆಯ ದಂಡೆಗೆ 36 ಸುತ್ತು. ಸುತ್ತು ಕಡಿಮೆಯಾದಂತೆ ತಿರುಚುವ ಬಲ ಹೆಚ್ಚುತ್ತದೆ. ಅಶ್ವಶಕ್ತಿಯನ್ನು 716ರಿಂದ ಗುಣಿಸಿ ಸುತ್ತಿನಿಂದ ಭಾಗಿಸಿದರೆ ಬಲವು ಕಿಲೋಗ್ರಾಂ-ಮೀಟರಿನಲ್ಲಿ ಸಿಗುತ್ತದೆ. ಈ ಲೆಕ್ಕದಂತೆ ಮೋಟಾರಿನ ದಂಡೆಯಲ್ಲಿ ಬರೀ ಐದು ಇದ್ದದ್ದು ಗೇರ್‌ಬಾಕ್ಸಿನ ಆಚೆ, ಗೇರುಗಳ ತಿಕ್ಕಾಟದಲ್ಲಿ ಕಳೆದುದನ್ನು ಬಿಟ್ಟರೆ, ಇನ್ನೂರರ ಸಮೀಪಕ್ಕೆ ಬರುತ್ತದೆ. ಒಂದು ಮೀಟರಿನ ಸನ್ನೆಯ ತುದಿಗೆ ಎರಡು ಕ್ವಿಂಟಲ್ ತೂಗುಹಾಕಿದಷ್ಟು ಬಲ. ಮನುಷ್ಯನ ಎಲುಬು ಅದಕ್ಕೆ ಕಡ್ಡಿಯ ಸಮ.

ಗೇರ್‌ಬಾಕ್ಸಿಗೂ ಚೈನಿಗೂ ನಡುವೆ ಒಂದು ಕ್ಲಚ್ಚು ಇರುತ್ತದೆ. ಮೋಟಾರು ಗಾಡಿಯಲ್ಲಿ ಕಾಲಿನಿಂದ ಒತ್ತುವ ಕ್ಲಚ್ಚಲ್ಲ ಇದು. ಹೊರೆ ಮಿತಿಮೀರಿದರೆ ತಾನಾಗಿ ಜಾರುವ ಕ್ಲಚ್ಚು. ಹಲ್ಲಿನ ಚಕ್ರವನ್ನು ದಂಡೆಗೆ ಕೀಲಿ ಹಾಕಿ ಕೂಡಿಸಿರುವುದಿಲ್ಲ. ಅದರ ಎರಡೂ ಮಗ್ಗುಲಿಗೆ ಬ್ರೇಕಿನ ಲೈನಿಂಗಿನಂಥ ಬಿಲ್ಲೆಗಳಿದ್ದು, ಅವುಗಳ ಮೇಲೆ ಒತ್ತುವ ತಟ್ಟೆ, ತಟ್ಟೆಯ ಹಿಂದೆ ಬಟ್ಟಲಿನಂತೆ ಸ್ವಲ್ಪ ಕುಳಿಯಾದ ಉಕ್ಕಿನ ಸ್ಪ್ರಿಂಗುಗಳು, ಎಲ್ಲಕ್ಕೂ ಹಿಂದೆ ಒಂದು ದೊಡ್ಡ ನಟ್ಟು. ನಟ್ಟನ್ನು ತಿರುಗಿಸಿದಷ್ಟು ಬಟ್ಟಲುಗಳು ಚಪ್ಪಟೆಯಾಗುತ್ತ ಚಕ್ರವನ್ನು ಬಿಗಿಯಾಗಿ ಅಮುಕುತ್ತವೆ. ಎಲ್ಲಿಯೋ ಕಲ್ಲು ಸಿಕ್ಕಿತು, ಪಟ್ಟಿ ಸಿಕ್ಕಿಬಿತ್ತು ಎಂದರೆ ಚಕ್ರ ನಿಲ್ಲುತ್ತದೆ, ದಂಡೆ ಮಾತ್ರ ಅದರೊಳಗೆ ಜಾರುತ್ತ ತಿರುಗುತ್ತದೆ. ಅಡಿಗೆಮನೆಯ ಕುಕ್ಕರಿನ ಮುಚ್ಚಳದಲ್ಲಿ ಮೆದು ಲೋಹದ ಒಂದು ಚಿಕ್ಕ ಬಿರಟೆ ಇರುವುದನ್ನು ನಮ್ಮ ಹೆಣ್ಣುಮಕ್ಕಳು ಬಲ್ಲರು. ಕಾವು ಮೀರಿದಾಗ ಅದು ಕರಗಿ ಹೋಗಿ ಕುಕ್ಕರನ್ನು ಉಳಿಸುತ್ತದೆ. ಕ್ಲಚ್ಚಿನ ಕೆಲಸವೂ ಅದೇ. ಬಿರಟೆ ಮತ್ತೆಮತ್ತೆ ಹೋಗುತ್ತದೆಂದು ಆ ತೂತಿಗೆ ಗಟ್ಟಿ ಬೋಲ್ಟು ಜಡಿದ ಮಹಾಶಯನೊಬ್ಬನನ್ನು ನಾನು ಕಂಡಿದ್ದೇನೆ. ಅವನನ್ನು ನೋಡಿ ನಗುವ ಅಧಿಕಾರ ನನಗಿಲ್ಲ.

ಈ ಕ್ಲಚ್ಚನ್ನು ಹೊಂದಿಸುವುದನ್ನು ನನಗೆ ಕಲಿಸಿದವರು ನಮ್ಮ ವಿಭಾಗದ ಹಿರಿಯ ಫಿಟ್ಟರರು. ಅವರೂ ಕನ್ನಡದವರೇ, ಜತ್ತ ಕಡೆಯವರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಮೊದಲು ಅವರು ಬಿಲ್ಲೆಗಳನ್ನು ಬಿಚ್ಚಿ ಎಣ್ಣೆಯ ಪಸೆ ಒಂದಿಷ್ಟೂ ಉಳಿಯದಂತೆ ಒರೆಸುವರು. ಎಣ್ಣೆ ಬಿದ್ದ ಕ್ಲಚ್ಚು ಸುಮ್ಮಸುಮ್ಮನೆ ಜಾರುತ್ತದೆ; ಅದನ್ನು ನಟ್ಟಿನಿಂದ ಸರಿಪಡಿಸಹೊರಟವನು ದಡ್ಡ. ಹೊಸ ಬಿಲ್ಲೆಯಾದರೆ ನಟ್ಟನ್ನು ಸಡಿಲ ಬಿಟ್ಟು ಕೆಲವು ಸುತ್ತು ಬೇಕೆಂದೇ ಜಾರಿಸಿ, ಮೈಗೆ ಮೈ ಕೂಡುವಂತೆ ಮಾಡುವರು. ಆಮೇಲೆ ಮೋಟಾರಿನ ದಂಡೆಯನ್ನು ಅಲುಗದಂತೆ ಕಟ್ಟಿ, ಚೈನು ತೆಗೆದು, ಹಲ್ಲಿನ ಚಕ್ರಕ್ಕೆ ಉದ್ದ ಪೈಪು ಬಿಗಿದು, ನಡುವಿನಿಂದ 1.3 ಮೀಟರ್ ದೂರದಲ್ಲಿ ಸಕ್ಕರೆಯ ಚೀಲ ತೂಗುಹಾಕುವರು. ಆಗಿನ ಚೀಲ ನೂರು ಕಿಲೋದ್ದು. ನೂರರ ಚೀಲ, 1.3 ಮೀಟರ್, ಅಲ್ಲಿಗೆ 130 ಆಯಿತು. ಪೈಪಿನ ಸ್ವಂತ ತೂಕಕ್ಕೆಂದು ಚೀಲವನ್ನು ಒಂದಿಷ್ಟು ಒಳಗೆ ಸರಿಸುವುದನ್ನೂ ಅವರು ಮರೆಯುತ್ತಿರಲಿಲ್ಲ. ಚೀಲದ ಭಾರಕ್ಕೆ ಚಕ್ರ ಮೆಲ್ಲನೆ ಜಾರಲು ತೊಡಗುವ ಮಟ್ಟಕ್ಕೆ ನಟ್ಟು ತಂದು, ವಾಶರಿನ ನಾಲಗೆಯನ್ನು ನಟ್ಟಿನ ಗಾಡಿಯಲ್ಲಿ ಮಡಿಚಿ, ಚಕ್ರದಿಂದ ತಟ್ಟೆಯವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆಯುವರು. ಗೆರೆ ತುಂಡಾಗಿ ಅರ್ಧ ಅಲ್ಲಿ, ಅರ್ಧ ಇಲ್ಲಿ ಕಂಡರೆ ಕ್ಲಚ್ಚು ಜಾರಿದೆ ಎಂದು ತಿಳಿಯಬೇಕು.

"ತಮ್ಮಾ, ಜಾರಿತಂದ್ರ ಅದು ಏನೋ ಹೇಳಾಕತ್ತೈತಿ. ಯಾವಾಗ ಜಾರತೈತಿ ನೋಡು. ಚಾಲೂ ಮಾಡುವಾಗ ಅಷ್ಟs ಜಾರಿದ್ರ ಒಂದು ಮಾತು. ಒಂದs ಸಮನ ಜಾರಿದ್ರ ಇನ್ನೊಂದು ಮಾತು. ಗಡಿಯಾರ ಹಿಡಕೊಂಡು ಕುಂದ್ರು, ಪಾನಾ ಆಮ್ಯಾಲೆ" ಎಂದು ಅವರು ಹೇಳಿದ್ದರು. ನನಗಾಗ ಇಪ್ಪತ್ತನಾಲ್ಕು ವರ್ಷ. ಪಾನಾ ಕೈಯಲ್ಲಿತ್ತು, ಗಡಿಯಾರ ಇರಲಿಲ್ಲ.

1985ರ ಜನವರಿ. ಹಂಗಾಮಿನ ನಟ್ಟನಡುವೆ. ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಗಡ್ಡೆಯ ಜಾತ್ರೆ. ಸಂಕ್ರಾಂತಿಗೆ ನಂದಿಧ್ವಜ ನೋಡದೆ ನಮ್ಮ ಕಡೆಯವರಿಗೆ ವರ್ಷ ತುಂಬುವುದಿಲ್ಲ. ಅರ್ಧ ಜನ ರಜೆಯ ಮೇಲೆ ಹೋಗಿದ್ದರು. ಕಾಕಾ ಹಗಲು ಪಾಳಿ, ನಾನು ರಾತ್ರಿ ಪಾಳಿ. ನನ್ನ ಕೈಕೆಳಗೆ ಹೆಲ್ಪರನಾಗಿ ನನ್ನ ಬೆನ್ನಿಗೆ ಬಿದ್ದ ತಮ್ಮ. ಹಿಂದಿನ ವರ್ಷ ನಾನೇ ಸಾಹೇಬರ ಕಾಲು ಕಟ್ಟಿ ಅವನಿಗೆ ಆ ಕೆಲಸ ಕೊಡಿಸಿದ್ದೆ. ಅವ್ವ ಅದಕ್ಕಾಗಿ ನನ್ನನ್ನು ಊರೆಲ್ಲ ಹೊಗಳಿಕೊಂಡು ತಿರುಗಿದ್ದಳು.

ಆ ವಾರ ಕ್ಲಚ್ಚು ಜಾರಲು ಸುರುವಾಯಿತು. ಎರಡು ಕ್ಷಣ ಕಿರ್ರೆಂದು ಜಾರುವುದು, ಮತ್ತೆ ಹಿಡಿಯುವುದು. ಕೆಲವೊಮ್ಮೆ ಹಿಡಿಯದೆ ಹಾಗೆಯೇ ಜಾರುತ್ತ ಸುಟ್ಟ ವಾಸನೆ ಏಳುವುದು. ಆಗ ಮೋಟಾರು ನಿಲ್ಲಿಸಿ, ಸಿಪ್ಪೆ ತೆಗೆದು, ಮತ್ತೆ ಚಾಲೂ ಮಾಡಬೇಕು. ಒಂದು ರಾತ್ರಿ ನಲವತ್ತು ನಿಮಿಷ ನಿಂತಿತು. ಪಾಳಿಯ ಸಾಹೇಬರು ಬಂದು, ಇದೇನು ಹಳ್ಳಿಯ ಗಾಣವೇ, ಬಿಗಿ ಮಾಡಿ ನಡೆಸು ಎಂದು ಎಲ್ಲರ ಎದುರಿಗೆ ಗದರಿದರು. ನಾನು ವಾಶರಿನ ನಾಲಗೆ ಬಿಡಿಸಿ ನಟ್ಟನ್ನು ಒಂದು ಗಾಡಿಯಷ್ಟು ತಿರುಗಿಸಿದೆ. ಅಂದು ರಾತ್ರಿ ಕ್ಯಾರಿಯರ್ ನಿಲ್ಲಲಿಲ್ಲ. ಮರುದಿನ ರಾತ್ರಿ ಮತ್ತೆ ಜಾರಿತು, ಮತ್ತೊಂದು ಗಾಡಿ. ಜಾರಿಜಾರಿ ಬಿಲ್ಲೆಯ ಮೈ ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತಿತ್ತು. ನಾನು ಆ ಕೊರತೆಯನ್ನು ನಟ್ಟಿನಿಂದ ತುಂಬಿಸುತ್ತಿದ್ದೆ. ಐದು ರಾತ್ರಿ ಹೀಗೆ ನಡೆಯಿತು. ಬೆಳಗಾಗುವ ಮೊದಲು ತುಂಡಾದ ಬಿಳಿ ಗೆರೆಯನ್ನು ಸೀಮೆಎಣ್ಣೆಯಿಂದ ಒರೆಸಿ ಹೊಸ ಗೆರೆ ಎಳೆದು ಹೋಗುತ್ತಿದ್ದೆ, ಕಾಕಾರ ಕಣ್ಣಿಗೆ ಬೀಳಬಾರದೆಂದು. ಯಂತ್ರದ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು, ಬಾಯಿಂದಲ್ಲ, ಕುಂಚದಿಂದ.

ಆರನೆಯ ರಾತ್ರಿ, ಮೂರು ಗಂಟೆಯ ಸುಮಾರಿಗೆ ತಮ್ಮನು ಹಾರೆ ಹಿಡಿದು ಕ್ಯಾರಿಯರಿನ ನಡುಭಾಗಕ್ಕೆ ಹೋಗಿ ದೋಣಿಯೊಳಗೆ ಏನನ್ನೋ ಒತ್ತುತ್ತಿದ್ದನು. ಮೋಟಾರು ನಿಲ್ಲಿಸಬೇಕಿತ್ತು, ನಿಲ್ಲಿಸಿರಲಿಲ್ಲ. ಒಂದು ಪಟ್ಟಿ ಬಂದು ಹಾರೆಗೆ ತಗುಲಿ, ಹಾರೆಯ ಇನ್ನೊಂದು ತುದಿ ಚೌಕಟ್ಟಿಗೆ ಆತುಕೊಂಡಿತು. ಕಾಕಾ ಇಟ್ಟಿದ್ದ ಅಳತೆಯಲ್ಲಿ ಕ್ಲಚ್ಚು ಇದ್ದಿದ್ದರೆ ಅಲ್ಲಿಗೆ ಕ್ಯಾರಿಯರ್ ನಿಂತು ಚಕ್ರ ಕಿರ್ರೆಂದು ಜಾರುತ್ತಿತ್ತು. ಜಾರಲಿಲ್ಲ. ಎರಡು ಪಟ್ಟಿ ಬಾಗಿ, ಹಾರೆ ಬಿಲ್ಲಿನಂತೆ ಮಣಿದು ಸಿಡಿದು ಅವನ ಬಲಗೈಗೆ ಬಡಿಯಿತು. ಮೊಣಕೈಯ ಕೆಳಗೆ ಎರಡು ಕಡೆ ಎಲುಬು ಮುರಿಯಿತು. ನಾನು ಓಡಿ ಹೋಗುವಷ್ಟರಲ್ಲಿ ಅವನು ಸಿಪ್ಪೆಯ ರಾಶಿಯ ಮೇಲೆ ಕುಳಿತು, ಕೈಯನ್ನು ಕೂಸಿನಂತೆ ಎದೆಗೆ ಅವಚಿಕೊಂಡು, "ಅಣ್ಣಾ, ಅವ್ವಗ ಹೇಳಬ್ಯಾಡ" ಎಂದನು.

ಮರುದಿನ ಕಾಕಾ ಕ್ಲಚ್ಚು ಬಿಚ್ಚಿದರು. ಗೋಣಿಚೀಲದ ಮೇಲೆ ನಾಲ್ಕು ಸ್ಪ್ರಿಂಗುಗಳನ್ನು ಸಾಲಾಗಿ ಇಟ್ಟು ನನ್ನನ್ನು ಕರೆದರು. "ಬಟ್ಟಲ ಇದ್ದವು, ತಾಟ ಆಗ್ಯಾವ ನೋಡು" ಎಂದರು. ಬಟ್ಟಲುಗಳು ಪೂರಾ ಚಪ್ಪಟೆಯಾದರೆ ಅದು ಕ್ಲಚ್ಚಾಗಿ ಉಳಿಯುವುದಿಲ್ಲ. ಕೀಲಿ ಬಡಿದ ಗಡುಸು ಜೋಡಣೆಯಾಗುತ್ತದೆ. ಮತ್ತೇನನ್ನೂ ಅವರು ಕೇಳಲಿಲ್ಲ. ಬಿಳಿ ಬಣ್ಣದ ಡಬ್ಬಿಯನ್ನು ಮಾತ್ರ ಅಲ್ಲಿಂದ ತೆಗೆದುಕೊಂಡು ಹೋಗಿ ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

ಚೌಕಶಿಯ ಕಾಗದದಲ್ಲಿ ಮರಾಠಿಯಲ್ಲಿ ಬರೆದದ್ದು ಹೆಲ್ಪರನ ನಿಷ್ಕಾಳಜಿ ಎಂದು. ಆ ಭಾಷೆಯಲ್ಲೂ ನಮ್ಮ ಮನೆಯ ಕನ್ನಡದಲ್ಲೂ ಆ ಶಬ್ದ ಒಂದೇ. ಅರ್ಥ ತಿಳಿಯಲಿಲ್ಲವೆಂದು ಹೇಳಲು ನನಗೆ ಆಸ್ಪದವೇ ಇರಲಿಲ್ಲ. ಸಾಕ್ಷಿಯಾಗಿ ನಾನು ಸಹಿ ಮಾಡಿದೆ. ತಮ್ಮನ ಕೈ ಆರು ವಾರ ಗಿಲಾವಿನಲ್ಲಿದ್ದು ಸೊಟ್ಟಗೆ ಕೂಡಿಕೊಂಡಿತು. ಅಂಗೈಯನ್ನು ಪೂರಾ ಮೇಲ್ಮುಖ ಮಾಡಲು ಅವನಿಗೆ ಬರುವುದಿಲ್ಲ. ಕಾರಖಾನೆ ಬಿಟ್ಟು ಊರಲ್ಲಿ ಕಿರಾಣಿ ಅಂಗಡಿ ಹಾಕಿದನು. ಅವ್ವ ತೀರಿಕೊಳ್ಳುವ ತನಕ, ದೊಡ್ಡವನು ನೌಕರಿ ಕೊಡಿಸಿದ, ಸಣ್ಣವನಿಗೆ ಉಳಿಸಿಕೊಳ್ಳಲು ಬರಲಿಲ್ಲ ಎಂದೇ ಹೇಳುತ್ತಿದ್ದಳು. ನಾನು ಕೇಳುತ್ತಿದ್ದೆ.

ಮುಂದೆ ನಾನೇ ಹಿರಿಯನಾದೆ. ಗುಂಡುಗಳಿರುವ ಹೊಸ ತರದ ಕ್ಲಚ್ಚುಗಳು ಬಂದವು. ಉಕ್ಕಿನ ಗುಂಡುಗಳು ಕುಳಿಗಳಲ್ಲಿ ಕುಳಿತಿರುತ್ತವೆ. ಹೊರೆ ಮೀರಿದೊಡನೆ ಕುಳಿಯಿಂದ ಮೇಲೇರುತ್ತವೆ, ತಟ್ಟೆ ಹಿಂದೆ ಸರಿದು ಒಂದು ಸ್ವಿಚ್ಚನ್ನು ಒತ್ತುತ್ತದೆ, ಮೋಟಾರೇ ನಿಂತುಬಿಡುತ್ತದೆ. ಜಾರಿ ಸುಡುವ ಮಾತಿಲ್ಲ. ಸಿಕ್ಕಿದ್ದನ್ನು ತೆಗೆದ ಮೇಲೆ ಕೈಯಿಂದ ಮೆಲ್ಲಗೆ ತಿರುಗಿಸುತ್ತ ಹೋದರೆ ಗುಂಡುಗಳು ತಮ್ಮ ಕುಳಿಗೆ ಟಕ್ಕೆಂದು ಇಳಿಯುತ್ತವೆ. ಕೆಲವು ತರದವು ಇಡೀ ಒಂದು ಸುತ್ತಿಗೆ ಒಂದೇ ಜಾಗದಲ್ಲಿ ಇಳಿಯುವಂಥವು, ಯಂತ್ರದ ತಾಳ ತಪ್ಪಬಾರದೆಂದು. ಓಡುತ್ತಿರುವಾಗಲೇ ಕೂಡಿಸಲು ಹೋದರೆ ಕುಳಿಯ ಅಂಚು ಒಡೆಯುತ್ತದೆ. ಇದನ್ನೆಲ್ಲ ಹೊಸ ಹುಡುಗರಿಗೆ ಕಲಿಸಿದೆ. ಸಕ್ಕರೆ ಚೀಲದ ಲೆಕ್ಕವನ್ನೂ ಕಲಿಸಿದೆ. ನಟ್ಟು ಮುಟ್ಟುವ ಮೊದಲು ಗಡಿಯಾರ ನೋಡಿರಿ ಎಂದು ಅವರಿಗೆ ಬೇಸರ ಬರುವಷ್ಟು ಸಲ ಹೇಳಿದೆ. ಏಕೆ ಹೇಳುತ್ತೇನೆಂದು ಮಾತ್ರ ಹೇಳಲಿಲ್ಲ.

ಕಳೆದ ದೀಪಾವಳಿಯ ಪಾಡ್ಯದ ದಿನ ತಮ್ಮನ ಅಂಗಡಿಗೆ ಹೋಗಿ ಕುಳಿತು ಎಲ್ಲವನ್ನೂ ಹೇಳಿದೆ: ಐದು ರಾತ್ರಿ, ಐದು ಗಾಡಿ, ಸೀಮೆಎಣ್ಣೆ, ಬಿಳಿ ಗೆರೆ, ಸಹಿ. ಅವನು ಎಡಗೈಯಿಂದ ಬೆಲ್ಲ ತೂಗುತ್ತ ಕೇಳಿದನು. ಬಹಳ ಹೊತ್ತಿನ ಮೇಲೆ, "ಅದು ಯಾಕ ಜಾರತಿತ್ತು, ನಿಮಗ ಆಮ್ಯಾಲೆ ಸಿಕ್ಕಿತೇನು?" ಎಂದು ವಿಚಾರಿಸಿದನು. ಸಿಕ್ಕಿತ್ತು. ದೋಣಿಯ ತಳದ ತಗಡೊಂದರ ಬೋಲ್ಟು ಉದುರಿ ಅಂಚು ಮೇಲೆದ್ದಿತ್ತು. ಚೈನಿನಲ್ಲಿ ಒಂದೇ ಒಂದು ಪಟ್ಟಿ ಡೊಂಕಾಗಿತ್ತು. ಚೈನು ಒಂದು ಸುತ್ತು ಬರಲು ಮೂರು ನಿಮಿಷ. ಆ ಡೊಂಕು ಪಟ್ಟಿ ಆ ಅಂಚಿಗೆ ಬಂದಾಗಲೆಲ್ಲ ಕ್ಲಚ್ಚು ಜಾರುತ್ತಿತ್ತು. ಗಡಿಯಾರ ಹಿಡಿದು ಹತ್ತು ನಿಮಿಷ ಕುಳಿತಿದ್ದರೆ ತಿಳಿಯುತ್ತಿತ್ತು. ಒಂದು ಬೋಲ್ಟಿನ ಕೆಲಸ.

"ನನಗ ಗೊತ್ತಿತ್ತು ಅಣ್ಣಾ" ಎಂದನು ಅವನು. "ಟಕ್ ಅಂತ ಸಪ್ಪಳ ಬರತಿತ್ತು ಅಲ್ಲಿ. ಎರಡ ದಿನ ಮೊದಲs ನಿನಗ ಹೇಳಾಕ ಬಂದಿದ್ದೆ. ನೀ ಪಾನಾ ಹಿಡಕೊಂಡು ಕ್ಲಚ್ಚಿನ ಮುಂದ ಕುಂತಿದ್ದಿ. ಈಗ ಬ್ಯಾಡ ಹೋಗು ಅಂದಿ. ಅದಕ್ಕs ಆ ರಾತ್ರಿ ನಾನs ಹಾರೆ ತಗೊಂಡು ತಗಡ ಕೆಳಗ ಒತ್ತಾಕ ಹೋದೆ."

ನಾನು ಹಾಗೆ ಅಂದದ್ದು ನನಗೆ ನೆನಪೇ ಇರಲಿಲ್ಲ. ಈಗಲೂ ಇಲ್ಲ.

ಇದನ್ನು ಮಾಸಿಕಕ್ಕೆ ಬರೆಯಲೇ ಎಂದು ಕೇಳಿದೆ. ಅವನ ಮನೆಗೂ ಇದು ಪ್ರತಿ ತಿಂಗಳು ಬರುತ್ತದೆ. ಸೊಸೆ ಊಟವಾದ ಮೇಲೆ ಎಲ್ಲರಿಗೂ ಓದಿ ಹೇಳುತ್ತಾಳೆ. "ಬರಿ. ನನ್ನ ಹೆಸರ ಹಾಕಬ್ಯಾಡ" ಎಂದನು. ಅಷ್ಟರಲ್ಲಿ ಯಾರೋ ಕಾಲು ಕಿಲೋ ಶೇಂಗಾ ಕೇಳಿಕೊಂಡು ಬಂದರು. ಅವನು ತಕ್ಕಡಿಯನ್ನು ಎಡಗೈಗೆ ತೆಗೆದುಕೊಂಡನು.