ತಲಪಾಡಿಯಿಂದ ಅಡ್ಕಸ್ಥಳಕ್ಕೆ: ಬಂಡವಾಳದ ಜಾಡು ಹಿಡಿದು

ಆರ್ಥಿಕ ಸುಧಾರಣೆಯ ಚರ್ಚೆ ಸಾಮಾನ್ಯವಾಗಿ ದೆಹಲಿಯ ಬಜೆಟ್ ಭಾಷಣದಿಂದಲೋ ಮುಂಬಯಿಯ ಷೇರುಪೇಟೆಯಿಂದಲೋ ಆರಂಭವಾಗುತ್ತದೆ. ಆದರೆ ಹೊರಗಿನ ಬಂಡವಾಳ ಒಂದು ಊರಿಗೆ ಹೇಗೆ ಬರುತ್ತದೆ, ಬಂದಮೇಲೆ ಎಷ್ಟು ಕಾಲ ನಿಲ್ಲುತ್ತದೆ, ಹೋದಮೇಲೆ ಏನನ್ನು ಉಳಿಸುತ್ತದೆ ಎಂಬುದನ್ನು ಅರಿಯಬೇಕಾದವರು ಕಾಸರಗೋಡು ಜಿಲ್ಲೆಯಂತಹ ಗಡಿನಾಡಿನಲ್ಲಿ ಓಡಾಡುವುದು ಮೇಲು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ, 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾದ ಈ ನಾಡು ಎರಡು ರಾಜ್ಯಗಳ ರಾಜಧಾನಿಗಳಿಗೂ ದೂರ. ಹಾಗಿದ್ದೂ ಲಂಡನ್ನಿನ ಸಾಲಪೇಟೆ, ಪಶ್ಚಿಮ ಆಫ್ರಿಕಾದ ಮಳೆ, ಕೊಲಂಬೊದೊಂದಿಗಿನ ವ್ಯಾಪಾರ ಒಪ್ಪಂದ, ಇವೆಲ್ಲವೂ ಇಲ್ಲಿನ ತೋಟದ ಅಂಗಳಕ್ಕೆ ಬಂದು ಮುಟ್ಟುತ್ತವೆ.

ಮಂಗಳೂರಿನಿಂದ ಬರುವವರಿಗೆ ಈ ಮಾತು ತಲಪಾಡಿಯ ಗಡಿ ದಾಟಿದೊಡನೆ ಕಣ್ಣಿಗೇ ಬೀಳುತ್ತದೆ. ಬಹುಕಾಲ ಕಿರಿದಾಗಿಯೇ ಉಳಿದಿದ್ದ ರಾಷ್ಟ್ರೀಯ ಹೆದ್ದಾರಿ 66 ಈಗ 45 ಮೀಟರ್ ಅಗಲದ ಜಾಗದಲ್ಲಿ ಆರು ಪಥದ ರಸ್ತೆಯಾಗಿ ಬೆಳೆದಿದೆ. ತಲಪಾಡಿಯಿಂದ ಚೆಂಗಳದವರೆಗಿನ ಭಾಗವನ್ನು ಕಟ್ಟುವ ಗುತ್ತಿಗೆ ದೊರೆತದ್ದು ಯಾವುದೇ ಬೃಹತ್ ಖಾಸಗಿ ಕಂಪನಿಗಲ್ಲ, ವಾಗ್ಭಟಾನಂದರ ಪ್ರೇರಣೆಯಿಂದ 1925ರಲ್ಲಿ ವಡಕರದ ಬಳಿ ಕೂಲಿಕಾರರೇ ಕಟ್ಟಿಕೊಂಡ ಊರಾಳುಂಗಲ್ ಕಾರ್ಮಿಕ ಗುತ್ತಿಗೆ ಸಹಕಾರಿ ಸಂಘಕ್ಕೆ. ಕಾಮಗಾರಿಯ ವೆಚ್ಚದ 40 ಶೇಕಡಾವನ್ನು ನಿರ್ಮಾಣದ ಕಾಲದಲ್ಲೇ ಸರ್ಕಾರ ಕೊಟ್ಟು, ಉಳಿದುದನ್ನು ಗುತ್ತಿಗೆದಾರರೇ ಹೊಂದಿಸಿಕೊಂಡು ಮುಂದೆ 15 ವರ್ಷಗಳಲ್ಲಿ ಕಂತುಕಂತಾಗಿ ಪಡೆಯುವ ಮಿಶ್ರ ವಾರ್ಷಿಕ ಪಾವತಿ ಪದ್ಧತಿಯಲ್ಲಿ ಈ ಕೆಲಸ ನಡೆದಿದೆ. ದುಡಿಯುವವರ ಸಂಘವೊಂದು ಇಷ್ಟು ದೊಡ್ಡ ಹೊಣೆಯನ್ನು ಹೊರಬಲ್ಲುದಾದರೆ, ಉದಾರೀಕರಣದ ಲಾಭ ದೊಡ್ಡ ಬಂಡವಾಳಗಾರರಿಗೆ ಮಾತ್ರ ಮೀಸಲು ಎಂಬ ನಂಬಿಕೆಯನ್ನು ತುಸು ತಿದ್ದಿಕೊಳ್ಳಬೇಕಾಗುತ್ತದೆ.

ಈ ರಸ್ತೆಗೆ ಬೇಕಾದ ಭೂಸ್ವಾಧೀನದ ವೆಚ್ಚದಲ್ಲಿ 25 ಶೇಕಡಾವನ್ನು ಕೇರಳ ಸರ್ಕಾರ ವಹಿಸಿಕೊಂಡಿತು. ಆ ಹಣ ಬಂದದ್ದು ಕಿಫ್ಬಿ ಎಂದು ಕರೆಯಲ್ಪಡುವ ಕೇರಳ ಮೂಲಸೌಕರ್ಯ ಹೂಡಿಕೆ ನಿಧಿ ಮಂಡಳಿಯ ಮೂಲಕ. ಇದೇ ಮಂಡಳಿ 2019ರಲ್ಲಿ ಲಂಡನ್ ಷೇರುಪೇಟೆಯಲ್ಲಿ 2,150 ಕೋಟಿ ರೂಪಾಯಿಗಳ ಮಸಾಲಾ ಬಾಂಡುಗಳನ್ನು 9.723 ಶೇಕಡಾ ಬಡ್ಡಿಗೆ ಮಾರಿತು. ರೂಪಾಯಿಯಲ್ಲೇ ಮೌಲ್ಯ ನಮೂದಿಸಿ ವಿದೇಶದ ಮಾರುಕಟ್ಟೆಯಲ್ಲಿ ಮಾರುವ ಸಾಲಪತ್ರಕ್ಕೆ ಮಸಾಲಾ ಬಾಂಡ್ ಎಂದು ಹೆಸರು. ರೂಪಾಯಿಯ ಬೆಲೆ ಕುಸಿದರೆ ಅದರ ನಷ್ಟ ಸಾಲ ಕೊಟ್ಟವರದೇ ಆಗುವುದರಿಂದ ಅವರು ಹೆಚ್ಚು ಬಡ್ಡಿ ಕೇಳುವುದು ಸಹಜ. ಇದೇ ಜಿಲ್ಲೆಯ ನಂದಾರಪದವಿನಿಂದ ಹೊರಟು ದಕ್ಷಿಣದ ಪಾರಶ್ಶಾಲೆಯವರೆಗೆ ಸಾಗುವ ಮಲೆನಾಡು ಹೆದ್ದಾರಿಯೂ ಈ ಮಂಡಳಿಯ ಹಣದಿಂದಲೇ ಆಗುತ್ತಿದೆ. ರಸ್ತೆ ಬೇಕೇ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎತ್ತರದ ಹೆದ್ದಾರಿಯ ಎರಡು ಬದಿಗಳಲ್ಲಿ ಊರು ಸೀಳಿಹೋಗಿ, ಎದುರಿನ ಅಂಗಡಿಗೆ ಹೋಗಬೇಕಾದ ಮುದುಕಿಯೊಬ್ಬಳು ಅಡಿದಾರಿ ಹುಡುಕಿಕೊಂಡು ಬಿಸಿಲಲ್ಲಿ ಸುತ್ತುವುದನ್ನು ಕಂಡಾಗ, ಪಥಗಳ ಲೆಕ್ಕ ಹಾಕಿದವರು ನಡೆದುಹೋಗುವವರ ಲೆಕ್ಕವನ್ನೂ ಅಷ್ಟೇ ಕಾಳಜಿಯಿಂದ ಹಾಕಬೇಕಿತ್ತು ಎನಿಸದೆ ಇರದು.

ಉಪ್ಪಳ, ಕುಂಬಳೆ, ಮೊಗ್ರಾಲುಗಳು ಬೇಗನೆ ಹಿಂದೆ ಸರಿಯುತ್ತವೆ. ಕಾಸರಗೋಡು ಪೇಟೆಯಿಂದ ಕರಾವಳಿಯ ದಾರಿ ಹಿಡಿದು ತೆಂಕಣಕ್ಕೆ ಹೋದರೆ ಬೇಕಲ. ಕೆಳದಿಯ ಶಿವಪ್ಪ ನಾಯಕ ಹದಿನೇಳನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದ ಕೋಟೆ ಇಲ್ಲಿದೆ. ಕರಿಮೆಣಸು ಮತ್ತು ಅಕ್ಕಿಯ ವ್ಯಾಪಾರಕ್ಕಾಗಿ ಪೋರ್ಚುಗೀಸರೊಡನೆ ಒಮ್ಮೆ ಕಾದಾಡಿ ಒಮ್ಮೆ ಒಪ್ಪಂದ ಮಾಡಿಕೊಂಡ ಕೆಳದಿಯ ಅರಸರಿಗೆ, ಪರದೇಶಿ ವರ್ತಕರನ್ನು ಬರಗೊಡಬೇಕು, ಆದರೆ ಬಾಗಿಲಿನ ಬೀಗದ ಕೈ ತಮ್ಮಲ್ಲೇ ಇರಬೇಕು ಎಂಬ ಎಚ್ಚರವಿತ್ತು. 1991ರ ಜುಲೈಯಲ್ಲಿ ರೂಪಾಯಿಯ ಅಪಮೌಲ್ಯವಾಗಿ, ಹೊಸ ಕೈಗಾರಿಕಾ ನೀತಿ ಬಂದ ಮರುವರ್ಷವೇ ಕೇಂದ್ರ ಸರ್ಕಾರ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿತು. 1995ರಲ್ಲಿ ರಾಜ್ಯ ಸರ್ಕಾರ ಅದಕ್ಕಾಗಿಯೇ ಒಂದು ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ನಿಗಮ ಸ್ವಾಧೀನಪಡಿಸಿಕೊಂಡ ಜಮೀನನ್ನು ಹೋಟೆಲು ಕಂಪನಿಗಳಿಗೆ ಗೇಣಿಗೆ ಕೊಡುವುದು, ವಿದೇಶದ ಪ್ರವಾಸಿಗರು ಬಂದು ಡಾಲರು ಚೆಲ್ಲುವುದು, ಊರಿಗೆ ಉದ್ಯೋಗ ಸಿಗುವುದು ಎಂಬುದು ಯೋಜನೆಯ ತಿರುಳು. ಎರಡು ದಶಕಗಳ ಸನಿಹ ಕಾದಮೇಲೆ ಒಂದೆರಡು ಐಷಾರಾಮಿ ವಿಹಾರಧಾಮಗಳು ಬಾಗಿಲು ತೆರೆದವು. ಭಾನುವಾರದ ಸಂಜೆ ಕೋಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಆ ಜನಸಾಗರದಲ್ಲಿರುವುದು ಪಯ್ಯನ್ನೂರು, ಕಣ್ಣೂರು, ಮಂಗಳೂರು, ಮಡಿಕೇರಿ ಕಡೆಯ ಕುಟುಂಬಗಳು. ಅವರು ಕೊಳ್ಳುವುದು ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಸುಲಿದ ಅನಾನಸು, ಮಕ್ಕಳಿಗೊಂದು ಗಾಳಿಪಟ. ಬೇಕಲದ ಬೀದಿ ವ್ಯಾಪಾರಿಗಳ ಒಲೆ ಉರಿಯುತ್ತಿರುವುದು ಇವರಿಂದಲೇ ಹೊರತು ಯೋಜನಾ ವರದಿಗಳು ಎದುರುನೋಡಿದ್ದ ಅತಿಥಿಗಳಿಂದಲ್ಲ, ಮತ್ತು ಇವರಿಗಾಗಿ ನೆರಳು, ಕುಡಿಯುವ ನೀರು, ಶುಚಿಯಾದ ಶೌಚಾಲಯಗಳಿಗೆ ಅಂತಹುದೇ ಉತ್ಸಾಹದಿಂದ ಹಣ ಹೂಡುವುದು ನ್ಯಾಯ.

ಜಿಲ್ಲೆಗೆ ಹೊರದೇಶದಿಂದ ಬರುವ ದೊಡ್ಡ ಹಣ ಹೂಡಿಕೆಯ ರೂಪದ್ದಲ್ಲ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ಮನೆಗೆ ಕಳುಹಿಸುವ ರವಾನೆ ಹಣ. ಅದರಿಂದ ಮನೆಗಳು ಎದ್ದಿವೆ, ಶಾಲೆ ಆಸ್ಪತ್ರೆಗಳು ನಡೆದಿವೆ. ಕಾರ್ಖಾನೆಗಳು ಅಷ್ಟಾಗಿ ಬಂದಿಲ್ಲ. ಬೆದ್ರಡ್ಕದಲ್ಲಿರುವ ವಿದ್ಯುತ್ ಯಂತ್ರಗಳ ಸರ್ಕಾರಿ ಕಾರ್ಖಾನೆ 2011ರಲ್ಲಿ ಕೇಂದ್ರದ ಬಿಎಚ್‌ಇಎಲ್ 51 ಶೇಕಡಾ, ರಾಜ್ಯ 49 ಶೇಕಡಾ ಪಾಲು ಹೊಂದಿದ ಜಂಟಿ ಉದ್ಯಮವಾಗಿ, ಬಳಿಕ ಕೆಲಸ ನಿಂತು, ಕಾರ್ಮಿಕರ ದೀರ್ಘ ಹೋರಾಟದ ತರುವಾಯ ರಾಜ್ಯದ ಕೈಗೇ ಮರಳಿ 2022ರ ಏಪ್ರಿಲ್ 1ರಂದು ಮತ್ತೆ ತೆರೆಯಿತು. ಪಾಲುದಾರಿಕೆಯ ಪತ್ರಕ್ಕೆ ಸಹಿ ಹಾಕುವಾಗ ಇರುವ ಸಂಭ್ರಮ ಸಂಬಳದ ದಿನದವರೆಗೂ ಉಳಿಯುತ್ತದೆಯೇ ಎಂದು ನೋಡುವುದೇ ಸುಧಾರಣೆಯ ನಿಜವಾದ ಪರೀಕ್ಷೆ.

ಬೇಕಲದಿಂದ ಮರಳಿ ಬಂದು, ಚೆರ್ಕಳದಲ್ಲಿ ಹೆದ್ದಾರಿಯನ್ನು ಬಿಟ್ಟು ಕಲ್ಲಡ್ಕದ ಕಡೆಗೆ ಹೋಗುವ ಅಂತಾರಾಜ್ಯ ರಸ್ತೆಗೆ ತಿರುಗಿದರೆ ಬೇರೆಯೇ ಲೋಕ. ಕೆಂಪುಕಲ್ಲಿನ ಬೋಳು ಪಾರೆಗಳು ಮುಗಿದು, ತಗ್ಗಿನಲ್ಲಿ ಅಡಿಕೆ ತೋಟಗಳು ತೆರೆದುಕೊಳ್ಳುತ್ತವೆ. ಬದಿಯಡ್ಕದ ಹೋಟೆಲೊಂದರಲ್ಲಿ ಗೋಳಿಬಜೆ ತಿನ್ನುತ್ತ ಕುಳಿತವರ ಮಾತು ಒಂದೇ ಮೇಜಿನಲ್ಲಿ ತುಳು, ಕನ್ನಡ, ಮಲಯಾಳಗಳ ನಡುವೆ ಹರಿಯುತ್ತಿದ್ದರೂ ವಿಷಯ ಒಂದೇ ಆಗಿತ್ತು: ಅಡಿಕೆಯ ರೇಟು ಮತ್ತು ಕೊಕ್ಕೋದ ರೇಟು. ಅಲ್ಲಿ ಪರಿಚಯವಾದ ಹಿರಿಯ ಕೃಷಿಕರೊಬ್ಬರು ಈ ಜಾಡು ಹಿಡಿದು ಬಂದ ಪ್ರವಾಸಿಯನ್ನು ತಮ್ಮ ತೋಟಕ್ಕೆ ಕರೆದೊಯ್ದರು. ಗುಡ್ಡದ ಬುಡವನ್ನು ಅಡ್ಡಕ್ಕೆ ಕೊರೆದು ಒಸರುನೀರನ್ನು ಹೊರತರುವ ಸುರಂಗದಿಂದ ಕೊಳಕ್ಕೆ ನೀರು ಇಳಿಯುತ್ತಿತ್ತು. ನಾಲ್ಕು ಅಡಿಕೆ ಮರಗಳ ನಡುವೆ ಒಂದರಂತೆ, ಸಾಲು ಬಿಟ್ಟು ಸಾಲು, ಕೊಕ್ಕೋ ಗಿಡಗಳು. ಕಾಯಿ ಗೆಲ್ಲಿನ ತುದಿಯಲ್ಲಿ ಬಿಡದೆ ಕಾಂಡಕ್ಕೇ ಅಂಟಿಕೊಂಡಿರುತ್ತದೆ. ಹಳದಿಯಾದ ಒಂದು ಹಣ್ಣನ್ನು ಕೊಯ್ದು, ಕತ್ತಿಯಿಂದ ಕಡಿದರೆ ಬೀಜಕ್ಕೆ ಗಾಯವಾಗುವುದರಿಂದ ಕಲ್ಲಿಗೆ ಕುಟ್ಟಿ ಒಡೆದರು. ಒಳಗೆ ಬಿಳಿಯ ಲೋಳೆ ಸುತ್ತಿದ ಬೀಜಗಳ ಗೊಂಚಲು, ಬಾಯಿಗಿಟ್ಟರೆ ಹುಳಿಸಿಹಿ. ಈ ಬೀಜಗಳನ್ನು ರಾಶಿ ಹಾಕಿ ಸುಮಾರು ಆರು ದಿನ ಹುದುಗು ಬರಿಸಬೇಕು. ಆಗ ರಾಶಿ ಬಿಸಿಯೇರಿ, ಲೋಳೆ ಕರಗಿ, ಬೀಜದ ಒಳಗೆ ಚಾಕೊಲೇಟಿನ ರುಚಿಗೆ ಬುನಾದಿ ಬೀಳುತ್ತದೆ. ಹುದುಗು ಸರಿಯಾಗದಿದ್ದರೆ ಮುಂದೆ ಯಾವ ಯಂತ್ರವೂ ಆ ರುಚಿಯನ್ನು ತರಲಾರದು. ಹಾಗಾಗಿ ಇಲ್ಲಿನವರು ಹೆಚ್ಚಾಗಿ ಹಸಿ ಬೀಜವನ್ನೇ ಮಾರುತ್ತಾರೆ.

ಈ ಗಿಡ ಇಲ್ಲಿಗೆ ಬಂದ ಬಗೆ ವಿದೇಶಿ ಹೂಡಿಕೆಯ ಒಂದು ಪೂರ್ಣ ಅಧ್ಯಾಯ. ಇಂಗ್ಲೆಂಡ್ ಮೂಲದ ಕ್ಯಾಡ್ಬರಿ ಕಂಪನಿ 1948ರಲ್ಲಿ ಭಾರತದಲ್ಲಿ ವ್ಯವಹಾರ ಆರಂಭಿಸಿ, 1960ರ ದಶಕದ ಮಧ್ಯದಿಂದ ದಕ್ಷಿಣ ಭಾರತದಲ್ಲಿ ಕೊಕ್ಕೋ ಬೆಳೆಯನ್ನು ಪ್ರೋತ್ಸಾಹಿಸಿತು. ಕಾಸರಗೋಡಿನಲ್ಲಿ ಕೇಂದ್ರ ಕಚೇರಿಯುಳ್ಳ, 1916ರ ತೆಂಗು ಸಂಶೋಧನಾ ಕೇಂದ್ರದಿಂದ ಬೆಳೆದು 1970ರಲ್ಲಿ ಈಗಿನ ರೂಪ ಪಡೆದ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ತನ್ನ ವಿಟ್ಲದ ಕೇಂದ್ರದಲ್ಲಿ ಅಡಿಕೆಯ ನೆರಳಿನಲ್ಲಿ ಕೊಕ್ಕೋ ಚೆನ್ನಾಗಿ ಬೆಳೆಯುತ್ತದೆಂದು ತೋರಿಸಿಕೊಟ್ಟಿತು. ಅಡಿಕೆಯ ಬೆಲೆ ಕುಸಿದು ಕಂಗೆಟ್ಟಿದ್ದ ರೈತರು ಉತ್ಸಾಹದಿಂದ ನೆಟ್ಟರು. ಗಿಡ ಫಲಕ್ಕೆ ಬಂದ ಹೊತ್ತಿಗೆ, 1980ರ ಸುಮಾರಿಗೆ, ಅಂತಾರಾಷ್ಟ್ರೀಯ ಬೆಲೆ ಬಿತ್ತು. ಆಗ ಮುಖ್ಯ ಖರೀದಿದಾರನಾಗಿದ್ದ ಕಂಪನಿ ಖರೀದಿಯಿಂದ ಹಿಂದೆ ಸರಿಯಿತು. “ಕೊಯ್ದರೆ ಕೇಳುವವರೇ ಇರಲಿಲ್ಲ ಮಾರಾಯ್ರೆ. ಹಣ್ಣು ಅಲ್ಲಿಯೇ ಕೊಳೆತದ್ದುಂಟು, ಗಿಡ ಕಡಿದು ಒಲೆಗೆ ಹಾಕಿದ್ದೂ ಉಂಟು. ನಮ್ಮ ತಂದೆಯವರು ಮಾತ್ರ ಒಂದು ವರ್ಷ ನೋಡುವ ಅಂತ ಬಿಟ್ಟರು,” ಎಂದರು ಆ ಹಿರಿಯರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಕುಸಿತ ಉದಾರೀಕರಣದ ಕಾಲದಲ್ಲಿ ಆದದ್ದಲ್ಲ. ವಿದೇಶಿ ಕಂಪನಿಗಳ ಪಾಲನ್ನು ಸಾಮಾನ್ಯವಾಗಿ 40 ಶೇಕಡಾಕ್ಕೆ ಇಳಿಸಬೇಕೆಂದು ವಿಧಿಸಿದ 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ಆಗ ಜಾರಿಯಲ್ಲಿತ್ತು. ಆದ್ಯತೆಯ ಉದ್ಯಮಗಳಲ್ಲಿ 51 ಶೇಕಡಾದವರೆಗೆ ತಾನಾಗಿ ಅನುಮತಿ ದೊರೆಯುವ ನೀತಿ ಬಂದದ್ದು 1991ರಲ್ಲಿ. ಷೇರುಗಳ ಒಡೆತನ ಯಾರಲ್ಲಿದೆ ಎಂಬುದನ್ನು ನಿಯಂತ್ರಿಸಿದ ಕಾನೂನು, ಬೆಲೆ ಬಿದ್ದಾಗ ಬೆಳೆಯನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ಬಾಗಿಲು ಮುಚ್ಚುವುದರಿಂದಾಗಲಿ ತೆರೆಯುವುದರಿಂದಾಗಲಿ ಬೆಳೆಗಾರನ ಕಷ್ಟ ತಾನಾಗಿ ತೀರುವುದಿಲ್ಲ.

ಉತ್ತರ ಬಂದದ್ದು ಬೆಳೆಗಾರರಿಂದಲೇ. ಅಡಿಕೆಯ ಬೆಲೆ ಕುಸಿತದ ಪೆಟ್ಟು ತಿಂದ ಕರ್ನಾಟಕ ಮತ್ತು ಕೇರಳದ ಕೃಷಿಕರು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಕ್ಯಾಂಪ್ಕೊ ಸಹಕಾರಿ ಸಂಸ್ಥೆಯನ್ನು ಸ್ಥಾಪಿಸಿದ್ದರು. ರಾಜ್ಯಗಳ ಗಡಿಯನ್ನು ಲೆಕ್ಕಿಸದೆ ಎರಡು ಕಡೆಯ ಬೆಳೆಗಾರರೂ ಸದಸ್ಯರಾಗುವ ಬಹುರಾಜ್ಯ ಸಹಕಾರ ಅದು. ಕೊಕ್ಕೋಗೆ ಕೊಳ್ಳುವವರಿಲ್ಲದಾದಾಗ ಈ ಸಂಸ್ಥೆ ಅದನ್ನೂ ಖರೀದಿಸತೊಡಗಿ, ಕೊಂಡದ್ದನ್ನು ಮಾರಲು ಪರರ ಮುಖ ನೋಡುವ ಬದಲು 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟು ಕಾರ್ಖಾನೆಯನ್ನು ತೆರೆಯಿತು. ರೈತರು ಕಟ್ಟಿದ ಸಂಸ್ಥೆಯೊಂದು ಜಗತ್ತಿನ ದೊಡ್ಡ ಕಂಪನಿಗಳು ಆಳುವ ಉದ್ಯಮಕ್ಕೆ ಕೈಹಾಕಿ ಇಂದಿಗೂ ನಿಂತಿರುವುದು ಕನ್ನಡ ನಾಡಿನ ಆರ್ಥಿಕ ಚರಿತ್ರೆಯಲ್ಲಿ ಅಪರೂಪದ ಸಾಧನೆಯಾಗಿದ್ದು, ಅದಕ್ಕೆ ಪಠ್ಯಪುಸ್ತಕಗಳಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ಕ್ಯಾಂಪ್ಕೊದ ಖರೀದಿ ಕೇಂದ್ರದ ಜಗಲಿಯಲ್ಲಿ ಅರ್ಧ ದಿನ ಕಳೆದರೆ ಅರ್ಥಶಾಸ್ತ್ರದ ಎಷ್ಟೋ ಸಂಗತಿಗಳು ತಿಳಿಯುತ್ತವೆ. ಹಣ್ಣಡಿಕೆಯನ್ನು ನಲವತ್ತಕ್ಕೂ ಹೆಚ್ಚು ದಿನ ಬಿಸಿಲಲ್ಲಿ ಒಣಗಿಸಿ ಸುಲಿದ ಚಾಲಿ ಅಡಿಕೆ ಗೋಣಿಗಳಲ್ಲಿ ಜೀಪು, ರಿಕ್ಷಾಗಳಿಂದ ಇಳಿಯುತ್ತದೆ. ಪರಿಶೀಲಿಸುವವರು ಗೋಣಿಯಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಹೊರಳಿಸಿ, ನಾಲ್ಕಾರನ್ನು ಅಡಕತ್ತರಿಯಿಂದ ಕತ್ತರಿಸಿ ಒಳಗಿನ ಬಿಳುಪನ್ನು ನೋಡುತ್ತಾರೆ. ಒಡೆದುದು ಪಟೋರ, ಕೆಟ್ಟು ಕಪ್ಪಾದುದು ಕರಿಗೋಟು, ವರ್ಷ ಕಳೆದುದು ಹಳೆ ಅಡಿಕೆ, ಒಂದೊಂದಕ್ಕೂ ಒಂದೊಂದು ದರ. ಆ ಒಂದು ನಿಮಿಷ ಬೆಳೆಗಾರನ ಕಣ್ಣು ಪರಿಶೀಲಕರ ಮುಖದ ಮೇಲೆಯೇ ನೆಟ್ಟಿರುತ್ತದೆ. ದರದ ಹಲಗೆಯಲ್ಲಿ ಬರೆದ ಅಂಕಿಯನ್ನು ಕಂಡಮೇಲೆಯೇ ಪಕ್ಕದ ಖಾಸಗಿ ವ್ಯಾಪಾರಿಯೂ ತನ್ನ ಬೆಲೆಯನ್ನು ಹೇಳುತ್ತಾನೆ. ಸಂಸ್ಥೆಗೆ ಮಾರದವನಿಗೂ ಅದರಿಂದ ಲಾಭವುಂಟು.

ಈ ಹಲಗೆಯ ಅಂಕಿಯನ್ನು ಈಗ ನಿರ್ಧರಿಸುವ ಶಕ್ತಿಗಳು ಹಲವು. ಶ್ರೀಲಂಕಾದೊಂದಿಗೆ 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದ, 2010ರಿಂದ ಜಾರಿಯಲ್ಲಿರುವ ಆಸಿಯಾನ್ ರಾಷ್ಟ್ರಗಳೊಂದಿಗಿನ ಒಪ್ಪಂದ, ಇವುಗಳಿಂದ ಅಗ್ಗದ ಅಡಿಕೆ ಒಳನುಗ್ಗುವ ಭಯ ಬೆಳೆಗಾರರಲ್ಲಿದೆ. ಇಂತಿಷ್ಟು ಬೆಲೆಗಿಂತ ಕಡಿಮೆಗೆ ಆಮದು ಮಾಡಕೂಡದೆಂಬ ಕನಿಷ್ಠ ಆಮದು ಬೆಲೆಯನ್ನು ಕೇಂದ್ರ ಸರ್ಕಾರ 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿತು. ಅದಕ್ಕೆ ಮೊದಲು, 2022ರಲ್ಲಿ, ಭೂತಾನದಿಂದ 17,000 ಟನ್ ಹಸಿ ಅಡಿಕೆಯನ್ನು ಈ ನಿಬಂಧನೆಯಿಲ್ಲದೆ ತರಲು ಅನುಮತಿ ನೀಡಿತ್ತು. ಕೊಕ್ಕೋದ ಕಥೆ ಇದಕ್ಕೆ ವಿರುದ್ಧ. ಐವರಿ ಕೋಸ್ಟ್ ಮತ್ತು ಘಾನಾಗಳಲ್ಲಿ ಬೆಳೆ ಕೈಕೊಟ್ಟದ್ದರಿಂದ 2024ರಲ್ಲಿ ಜಾಗತಿಕ ಬೆಲೆ ಟನ್ನಿಗೆ 10,000 ಡಾಲರನ್ನು ಮೀರಿತು. ಕಡಿಯದೆ ಉಳಿಸಿಕೊಂಡ ಗಿಡಗಳಿಗೆ ಬದಿಯಡ್ಕದಲ್ಲಿ ಮರ್ಯಾದೆ ಬಂತು. ಮರುವರ್ಷ ಬೆಲೆ ಮತ್ತೆ ಇಳಿಯಿತು.

ಪೆರ್ಲದ ಮೂಲಕ ಗಡಿಯ ಅಡ್ಕಸ್ಥಳಕ್ಕೆ ಬಂದರೆ, ಆಚೆಗೆ ಸುಬ್ರಾಯ ಭಟ್ಟರ ಅಡ್ಯನಡ್ಕ. ಅಲ್ಲಿಯ ತನಕ ಜೊತೆಗೆ ಬಂದಿದ್ದ ಆ ಹಿರಿಯರನ್ನು, ನಾಳೆ ಮತ್ತೊಂದು ವಿದೇಶಿ ಕಂಪನಿ ಬಂದು ಹೊಸ ಬೆಳೆ ನೆಡಿರೆಂದರೆ ಏನು ಮಾಡುವಿರೆಂದು ಪ್ರವಾಸಿ ಕೇಳಿದ್ದಕ್ಕೆ, ಅವರು ಬೇಡವೆನ್ನಲಿಲ್ಲ. “ಬರಲಿ. ಗಿಡ ನೆಡುವ ಮೊದಲು ಒಂದು ಕಾಗದ ಆಗಬೇಕು. ಎಷ್ಟು ವರ್ಷ ಕೊಳ್ಳುತ್ತೀರಿ, ರೇಟು ಬಿದ್ದರೆ ಎಷ್ಟು ಕೊಡುತ್ತೀರಿ, ಎರಡೂ ಅದರಲ್ಲಿ ಇರಬೇಕು. ಮತ್ತೆ, ಅದು ಕನ್ನಡದಲ್ಲಿ ಇರಬೇಕು; ನಮಗೆ ಓದಲಿಕ್ಕೆ ಆಗಬೇಕಲ್ಲ?” ಎಂದರು. ವಿಟ್ಲಕ್ಕೆ ಹೋಗುವ ಬಸ್ಸು ಬರುವವರೆಗೂ ಆ ಕಾಗದದಲ್ಲಿ ಇನ್ನೇನೇನು ಇರಬೇಕೆಂಬ ಚರ್ಚೆಗೆ ರಸ್ತೆ ಬದಿಯ ಅಂಗಡಿಯವರೂ, ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಬೆಳೆಗಾರರೂ ಸೇರಿಕೊಂಡರು. ಹಸಿ ಬೀಜದ ತೂಕದಲ್ಲಿ ನೀರಿನ ಅಂಶಕ್ಕೆಂದು ಎಷ್ಟು ಕಳೆಯಬಹುದು ಎಂಬುದರ ಬಗ್ಗೆ ಮಾತ್ರ ಅವರಲ್ಲಿ ಒಮ್ಮತ ಮೂಡಲಿಲ್ಲ.