ಒಂಬತ್ತು ಗಂಟೆಯ ಗೇಟು

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ಹಿರಿಯರು. ಮದುವೆಯನ್ನು ಎಲ್ಲಿ ಮಾಡಬೇಕೆಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹೆಣ್ಣಿನ ಮನೆಯ ಮುಂದೆ ಚಪ್ಪರ ಏಳುತ್ತಿತ್ತು, ಊರೇ ಬಂದು ಉಂಡು ಹೋಗುತ್ತಿತ್ತು. ಆಮೇಲೆ ಕಲ್ಯಾಣ ಮಂಟಪಗಳು ಬಂದವು. ಈಗ ಬಂದಿರುವುದು ‘ಡೆಸ್ಟಿನೇಷನ್ ವೆಡ್ಡಿಂಗ್’. ಹೆಣ್ಣಿನ ಊರೂ ಅಲ್ಲದ, ಗಂಡಿನ ಊರೂ ಅಲ್ಲದ ಮೂರನೆಯದೊಂದು ಚೆಂದದ ಜಾಗಕ್ಕೆ ಎರಡು ಕಡೆಯವರೂ ಗಂಟುಮೂಟೆ ಕಟ್ಟಿಕೊಂಡು ಹೋಗಿ ಮದುವೆ ಮುಗಿಸಿ ಬರುವುದು.

2024ರ ಫೆಬ್ರವರಿಯಲ್ಲಿ ನಮ್ಮ ಅಕ್ಕನ ಮಗಳ ಮದುವೆ ಹೀಗೆ ಬಂಡೀಪುರದ ಅಂಚಿನಲ್ಲಿ ನಡೆಯಿತು. ಹುಡುಗಿ ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದಿದವಳು. ಹುಡುಗ ಅವಳ ಸಹಪಾಠಿ, ವಯನಾಡಿನ ಸುಲ್ತಾನ್ ಬತ್ತೇರಿಯ ಕನ್ನಡ ಮನೆತನದವನು. ನಾವು ಮೈಸೂರಿನವರು. ಎರಡೂ ಊರುಗಳ ನಡುವೆ ಇರುವುದೇ ಬಂಡೀಪುರದ ಕಾಡು. ಆದ್ದರಿಂದ ನಡುದಾರಿಯಲ್ಲಿ ಸೇರೋಣ ಎಂಬುದು ಮಕ್ಕಳ ವಾದ. ಮೇಲುಕಾಮನಹಳ್ಳಿಯ ಹತ್ತಿರ ಒಂದು ರೆಸಾರ್ಟು ಗೊತ್ತಾಯಿತು. ನೂರು ಜನರಿಗಿಂತ ಹೆಚ್ಚು ಕರೆಯುವಂತಿಲ್ಲ ಎಂದಾಗ ಭಾವನವರಿಗೆ ಖರ್ಚು ಉಳಿಯಿತೆಂದು ಸಮಾಧಾನ. ಅಕ್ಕನಿಗೆ ಅರ್ಧ ಬಳಗ ತಪ್ಪಿಹೋಯಿತೆಂದು ಸಂಕಟ.

ಮದುವೆಯ ಹಿಂದಿನ ದಿನ ಬೆಳಿಗ್ಗೆಯೇ ನಾವು ಹೋಗಿ ಇಳಿದೆವು. ಇಳಿದ ಕೂಡಲೇ ಮ್ಯಾನೇಜರು ಒಂದು ಪಟ್ಟಿ ಓದಿದರು. ಪಟಾಕಿ ಇಲ್ಲ. ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಡ್ರೋನ್ ಹಾರಿಸುವಂತಿಲ್ಲ. ಕತ್ತಲಾದ ಮೇಲೆ ಕಣ್ಣು ಕೋರೈಸುವ ದೀಪ ಬೇಡ. ಊಟದ ಎಲೆ ಹೊರಗೆ ಎಸೆಯಬಾರದು. ಬೆಂಗಳೂರಿನಿಂದ ಬಂದಿದ್ದ ಕಾಲೇಜು ಹುಡುಗರ ಮುಖ ಬಾಡಿತು. ಅವರು ಕುಣಿತಕ್ಕೆಂದು ಆಳೆತ್ತರದ ಎರಡು ಸ್ಪೀಕರ್ ಹೇರಿಕೊಂಡು ಬಂದಿದ್ದರು.

“ಒಂದು ರಾತ್ರಿ ಹಾಡು ಹಾಕಿದರೆ ಆನೆಗೇನು ಕಷ್ಟ?” ಎಂದ ಒಬ್ಬ.

ಮದುಮಗಳೇ ಉತ್ತರ ಕೊಟ್ಟಳು. ಆನೆಗಳು ನಮ್ಮ ಕಿವಿಗೆ ಕೇಳಿಸದಷ್ಟು ತಗ್ಗಿದ ಸ್ವರದಲ್ಲಿ ಕಿಲೋಮೀಟರುಗಟ್ಟಲೆ ದೂರಕ್ಕೆ ಮಾತನಾಡಿಕೊಳ್ಳುತ್ತವಂತೆ. “ಇದು 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಒಂದು ಕಣೋ. 2022ರ ಗಣತಿಯಲ್ಲಿ ಇಲ್ಲಿ ನೂರೈವತ್ತು ಹುಲಿ ಸಿಕ್ಕಿವೆ. ಅವುಗಳ ಮನೆ ಬಾಗಿಲಿಗೆ ಬಂದು ನಾವು ಕಿರುಚೋದಾ?” ಎಂದಳು. ಸ್ಪೀಕರುಗಳು ವ್ಯಾನಿನಲ್ಲೇ ಉಳಿದವು.

ಮುಂದಿನ ತೊಡಕು ಚಪ್ಪರದ್ದು. ಹಸಿರು ಚಪ್ಪರವಿಲ್ಲದೆ ನಮ್ಮಲ್ಲಿ ಮದುವೆಯಿಲ್ಲ. ಆದರೆ ಕಣ್ಣೆದುರಿಗೇ ಅಷ್ಟು ದೊಡ್ಡ ಕಾಡಿದ್ದರೂ ಅದರಿಂದ ಒಂದು ಕೊಂಬೆ ಮುರಿಯುವಂತಿಲ್ಲ. ರೆಸಾರ್ಟಿನ ತೋಟದ ಕೆಲಸದವರು ಪಕ್ಕದ ಹಳ್ಳಿಯವರು. ತಮ್ಮ ಹೊಲದ ಬದುವಿನಿಂದ ಮಾವಿನ ಸೊಪ್ಪು, ಹೊಂಗೆ ಸೊಪ್ಪು ತಂದುಕೊಟ್ಟರು. ಗುಂಡ್ಲುಪೇಟೆಯ ಕಡೆ ಅದು ಅರಿಶಿನ ಕೀಳುವ ಕಾಲ. ಮಣ್ಣು ಅಂಟಿದ ಹಸಿ ಕೊಂಬನ್ನೂ ಟವೆಲಿನಲ್ಲಿ ಕಟ್ಟಿ ತಂದಿದ್ದರು. ಅಂಗಡಿಯ ಪುಡಿಯ ಬದಲು ಅದನ್ನೇ ತೇಯ್ದು ಅರಿಶಿನ ಶಾಸ್ತ್ರ ಮಾಡಿದೆವು.

ತೋರಣ ಕಟ್ಟುತ್ತಾ ಅವರೊಡನೆ ಮಾತಿಗಿಳಿದೆ. ಎರಡು ಎಕರೆ ಜಮೀನಿನಲ್ಲಿ ಬಾಳೆ ಹಾಕಿದ್ದಾರೆ. ಹಗಲು ಇಲ್ಲಿ ಕೂಲಿ, ರಾತ್ರಿ ಹೊಲದ ಅಟ್ಟಣೆಯ ಮೇಲೆ ಕಾವಲು.

“ನೀವು ಆನೆ ಕಾಣ್ಲಿ ಅಂತ ದುಡ್ಡು ಕೊಟ್ಟು ಬತ್ತೀರಿ ಸ್ವಾಮಿ. ನಾವು ಆನೆ ಬರದೇ ಇರ್ಲಿ ಅಂತ ನಿದ್ದೆಗೆಟ್ಟು ಕಾಯ್ತೀವಿ” ಎಂದರು. ದೂರಿನ ಧ್ವನಿಯಲ್ಲ, ನಗುನಗುತ್ತಲೇ ಹೇಳಿದರು. ನನ್ನ ಕೈ ಮಾತ್ರ ಸೊಪ್ಪಿನ ಮೇಲೆ ನಿಂತುಬಿಟ್ಟಿತು. ನಾಳೆ ಮನೆಯವರನ್ನೆಲ್ಲ ಕರೆದುಕೊಂಡು ಊಟಕ್ಕೆ ಬರಬೇಕೆಂದು ಅಕ್ಕ ಕುಂಕುಮ ಕೊಟ್ಟು ಕರೆದಳು. ಕತ್ತಲಾಗುವ ಮೊದಲೇ ಅವರು ಹೊಲಕ್ಕೆ ಹೊರಟುಹೋದರು.

ಸಂಜೆ ಬೇಲಿಯಾಚೆ ಜಿಂಕೆಯ ಹಿಂಡು ಬಂದು ನಿಂತಿತು. ಕೋತಿಯೊಂದು ತಾಂಬೂಲದ ತಟ್ಟೆಗೆ ಕೈಹಾಕಿ, ಬೀಗರಿಗೆಂದು ಇಟ್ಟಿದ್ದ ಬಾಳೆಹಣ್ಣಿನ ಚಿಪ್ಪನ್ನೇ ಎತ್ತಿಕೊಂಡು ಹೋಯಿತು. ಮೊದಲ ಮರ್ಯಾದೆ ಸಲ್ಲಬೇಕಾದವರಿಗೇ ಸಂದಿತು ಎಂದು ಪುರೋಹಿತರು ನಕ್ಕರು.

ಆದರೆ ಬೀಗರು ಪೂರ್ತಿ ಬಂದಿರಲಿಲ್ಲ. ಗಂಡು ಮತ್ತು ಅವನ ತಂದೆತಾಯಿ ಮಧ್ಯಾಹ್ನವೇ ಬಂದಿದ್ದರು. ಹುಡುಗನ ಅಜ್ಜಿ ಮತ್ತು ಹಿರಿಯರಿದ್ದ ಎರಡನೆಯ ವ್ಯಾನು ಬತ್ತೇರಿಯಲ್ಲೇ ಕೆಟ್ಟು, ರಿಪೇರಿಯಾಗಿ ಹೊರಡುವಾಗ ರಾತ್ರಿಯಾಗಿತ್ತು. ವರಪೂಜೆಗೆ ಕಾಯುತ್ತಾ ಕುಳಿತಿದ್ದ ನಮಗೆ ಒಂಬತ್ತು ದಾಟಿದ ಮೇಲೆ ಫೋನು ಬಂತು. ಗಡಿಯ ಚೆಕ್‌ಪೋಸ್ಟಿನಲ್ಲಿ ಗೇಟು ಹಾಕಿಬಿಟ್ಟಿದ್ದಾರೆ, ವ್ಯಾನು ಬಿಡುತ್ತಿಲ್ಲ.

ಬಂಡೀಪುರದ ಕಾಡಿನೊಳಗೆ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವಿಲ್ಲ. ಕತ್ತಲಲ್ಲಿ ವೇಗವಾಗಿ ಬರುವ ಲಾರಿ, ಕಾರುಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಈ ನಿರ್ಬಂಧ ಬಂತು. 2010ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸಿಗೆ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಮದುವೆಯ ವ್ಯಾನು ಆ ಪಟ್ಟಿಯಲ್ಲಿಲ್ಲ.

ಭಾವನವರು ಚಡಪಡಿಸಿದರು. ಹೆಣ್ಣಿನ ತಂದೆಗೆ ಬೀಗರ ಮರ್ಯಾದೆಗಿಂತ ದೊಡ್ಡದು ಆ ಹೊತ್ತಿನಲ್ಲಿ ಯಾವುದಿದೆ? ಎಂಬತ್ತು ದಾಟಿದ ಮುದುಕಿಯನ್ನು ನಡುರಸ್ತೆಯಲ್ಲಿ ನಿಲ್ಲಿಸಿದರಲ್ಲ ಎಂದು ಗಂಡಿನ ಕಡೆಯವರೊಬ್ಬರು ಗೊಣಗಿದ್ದೂ ಕಿವಿಗೆ ಬಿತ್ತು. ಭಾವನವರ ಗೆಳೆಯರೊಬ್ಬರು ದೊಡ್ಡ ಹುದ್ದೆಯಲ್ಲಿದ್ದಾರೆ. “ಒಂದು ಮಾತು ಹೇಳಿದರೆ ಗೇಟು ತೆಗೆಸುತ್ತಾರೆ” ಎಂದು ಫೋನು ಕೈಗೆತ್ತಿಕೊಂಡರು.

ಅರಿಶಿನದ ಕೆನ್ನೆಯಲ್ಲೇ ಎದ್ದುಬಂದ ಹುಡುಗಿ ತಂದೆಯ ಕೈ ಹಿಡಿದಳು. “ಅಪ್ಪಾ, ಬೇಡ. ನಾನು ಐದು ವರ್ಷ ಓದಿದ್ದು ಇದನ್ನೇ. ನನ್ನ ಮದುವೆಗೇ ಗೇಟು ತೆಗೆಸಿದರೆ, ನಾಳೆ ಇನ್ನೊಬ್ಬರಿಗೆ ಮುಚ್ಚಿ ಅಂತ ಯಾವ ಬಾಯಲ್ಲಿ ಹೇಳಲಿ?”

ಭಾವನವರು ಮಗಳ ಮುಖವನ್ನೂ ಬೀಗರ ಮುಖವನ್ನೂ ನೋಡಿದರು. ಅವರ ಓದಿಗೆಂದು ಸಾಲ ಮಾಡಿ ಫೀಸು ಕಟ್ಟಿದವರು ಅವರೇ. ಓದಿದ್ದನ್ನು ಮಗಳು ನಂಬಿಬಿಟ್ಟಾಗ ತಂದೆಗೆ ಇಂಥ ಪೇಚು ಬರುತ್ತದೆ. ಒಂದು ಕ್ಷಣ ಸುಮ್ಮನಿದ್ದು ಫೋನನ್ನು ಜೇಬಿಗಿಟ್ಟರು.

ಹುಡುಗ ಅಜ್ಜಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳಿಸುವಂತೆ ಇಟ್ಟ. “ವಾಪಸು ಬತ್ತೇರಿಗೆ ಹೋಗಿ ಮಲಗ್ತೀವಿ ಕಣಪ್ಪಾ. ಕಾಡಿನ ಬಾಗಿಲಲ್ಲಿ ಮದುವೆ ಇಟ್ಟುಕೊಂಡ ಮೇಲೆ ಕಾಡು ಹೇಳಿದ ಹಾಗೆ ಕೇಳಬೇಕು. ಆರಕ್ಕೆ ತೆಗೀತಾರಂತಲ್ಲ, ನಾನು ನಾಲ್ಕಕ್ಕೇ ಏಳೋಳು. ಮುಹೂರ್ತ ಹತ್ತೂಕಾಲಕ್ಕೆ ತಾನೇ? ನೀವು ಶಾಸ್ತ್ರ ಮುಗಿಸಿ ಊಟ ಮಾಡಿ” ಎಂದಿತು ಆ ಹಿರಿಯ ಜೀವ. ಗೊಣಗಿದವರೂ ಎದ್ದು ಎಲೆಯ ಮುಂದೆ ಕುಳಿತರು.

ಊಟವಾದ ಮೇಲೆ ಕುಣಿತವಿಲ್ಲದ್ದರಿಂದ ಹೆಂಗಸರು ಒಳಗಿನ ಹಜಾರದಲ್ಲಿ ಕುಳಿತು ಮೆಲುದನಿಯಲ್ಲಿ ಸೋಬಾನೆ ಹೇಳಿದರು. ಸ್ಪೀಕರು ತಂದ ಹುಡುಗರೂ ಗೋಡೆಗೊರಗಿ ಕೇಳಿದರು. ಹಾಡು ನಿಂತಾಗ ದೂರದಿಂದ ತಮಟೆಯ ಸದ್ದು, ಕೂಗಾಟ, ಒಂದೆರಡು ಪಟಾಕಿ ಕೇಳಿಸಿತು.

“ಅಲ್ಲೂ ಮದುವೆಯಾ ಮಾವ?” ಎಂದು ಒಬ್ಬ ಕೇಳಿದ.

ಮದುವೆಯಲ್ಲ, ಹೊಲಕ್ಕೆ ಆನೆ ಇಳಿದಿರಬೇಕು ಎಂದೆ. ಚಪ್ಪರಕ್ಕೆ ಸೊಪ್ಪು ತಂದವರು ಅಲ್ಲೇ ಎಲ್ಲೋ ಅಟ್ಟಣೆಯ ಮೇಲಿರುತ್ತಾರೆ ಎಂದೂ ಹೇಳಿದೆ. ಹುಡುಗರು ಬಹಳ ಹೊತ್ತು ಮಾತಾಡಲಿಲ್ಲ.

ಕಾಡಿನಲ್ಲಿ ಮದುವೆ ಬೇಕೆಂದು ಹಟ ಹಿಡಿಯುವ ಮಕ್ಕಳು ಇನ್ನು ಮುಂದೆ ಮನೆಮನೆಯಲ್ಲೂ ಇರುತ್ತಾರೆ. ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎಲ್ಲರೂ ನೆಂಟರೇ. ಮನೆಯವರು ಬೇರೆ ಇದ್ದಾರೆ. ಕೆಲವರು ಬೇಲಿಯ ಒಳಗೆ, ಕೆಲವರು ಅಟ್ಟಣೆಯ ಮೇಲೆ. ಮನೆಯವರು ಬಾಗಿಲು ಹಾಕುವ ಹೊತ್ತನ್ನು ತಿಳಿದುಕೊಂಡು ಹೋಗುವುದು ನೆಂಟರ ಲಕ್ಷಣ. ಅದನ್ನು ಕಲಿಸುವ ಕೆಲಸ ತಂದೆತಾಯಿಗಳದ್ದು. ಕೆಲವೊಮ್ಮೆ, ನಮ್ಮ ಮನೆಯಲ್ಲಾದಂತೆ, ಮಕ್ಕಳದ್ದು.